ಫಿಜಿಗೆ ಹೊರಟ ಮಗನೂ ಚಿಕ್ಕಪ್ಪನ ಚಪ್ಪಾಳೆಯೂ

ನಮ್ಮ ಚಿಕ್ಕಪ್ಪ ಹುರಿದುಂಬಿಸಿದ ಯಾವ ಮನುಷ್ಯನೂ ಈವರೆಗೆ ಉದ್ಧಾರವಾದದ್ದಿಲ್ಲ. ಇದು ಹೊಟ್ಟೆಕಿಚ್ಚಿನ ಮಾತಲ್ಲ, ಸ್ವಂತ ಅನುಭವ. ಹಾಗಂತ ಅವರು ಕೆಟ್ಟವರಲ್ಲ. ಒಳ್ಳೆಯವರು, ತೊಂದರೆ ಇರುವುದೇ ಅಲ್ಲಿ! ಯಾರಾದರೂ ಏನಾದರೂ ಮಾಡಲು ಹೊರಟಿದ್ದಾರೆ ಅಂತ ಕಿವಿಗೆ ಬಿದ್ದರೆ ಸಾಕು, ಇವರಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಪಂಚೆ ಎತ್ತಿ ಕಟ್ಟಿ, ಅಂಗೈ ಉಜ್ಜಿಕೊಂಡು ಚಪ್ಪಾಳೆಗೆ ಸಿದ್ಧರಾಗಿಬಿಡುತ್ತಾರೆ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಬಾಗಲೂರಿನ ನಮ್ಮ ಸ್ಕೂಲಿನಲ್ಲಿ ಓಟದ ಸ್ಪರ್ಧೆ ಇತ್ತು. ಚಿಕ್ಕಪ್ಪ ಸುಣ್ಣದ ಗೆರೆಯ ಪಕ್ಕ ನಿಂತು, "ಬಿಡ್ಬೇಡ ಮಗಾ! ಎತ್ತಾಕು ಕಾಲು!" ಅಂತ ಕೂಗಿ ಕೂಗಿ, ಉತ್ಸಾಹ ತಡೆಯಲಾಗದೆ ನನ್ನ ಜೊತೆಗೇ ಓಡತೊಡಗಿದರು. ನಾನು ಮೂರನೆಯವನಾಗಿ ಬಂದೆ. ಎರಡನೆಯವರು ಯಾರು ಅಂದುಕೊಂಡಿರಿ? ಚಿಕ್ಕಪ್ಪ! ಪಿ.ಟಿ. ಮೇಷ್ಟ್ರು ಗಾಬರಿಯಲ್ಲಿ ಅವರ ಕೈಗೂ ಒಂದು ಸ್ಟೀಲ್ ಲೋಟ ಇಟ್ಟುಬಿಟ್ಟರು. ಆ ಲೋಟದಲ್ಲೇ ಅವರು ಇವತ್ತಿಗೂ ಕಾಫಿ ಕುಡಿಯುತ್ತಾರೆ, ನಾನು ಹೋದಾಗಲಂತೂ ತಪ್ಪದೆ.

ಚಿಕ್ಕಮ್ಮನ ಕಥೆ ಇದಕ್ಕಿಂತ ಕಷ್ಟದ್ದು. ಸ್ಕೂಟರ್ ಲೈಸೆನ್ಸಿಗೆ ಎಂಟು ಹೊಡೆದು ತೋರಿಸಬೇಕಿತ್ತು. ಪಾಪ, ಮೊದಲ ಸುತ್ತು ಚೆನ್ನಾಗಿಯೇ ತಿರುಗಿದರು. ಅಷ್ಟರಲ್ಲಿ ಮೈದಾನದ ಆಚೆಯಿಂದ "ಸೂಪರ್ ಕಣೇ! ಇಂಗೇ ಓಗ್ತಾ ಇರು!" ಅಂತ ಚಪ್ಪಾಳೆ ಕೇಳಿಸಿತು. ಚಿಕ್ಕಮ್ಮ ನಾಚಿಕೆಯಿಂದ ಆ ಕಡೆ ತಿರುಗಿ ನೋಡಿದರು. ಸ್ಕೂಟರೂ ಆ ಕಡೆಯೇ ತಿರುಗಿತು. ಎಂಟನ್ನು ಅರ್ಧಕ್ಕೆ ಬಿಟ್ಟು ನೇರವಾಗಿ ಹೋಗಿ ಆರ್‌ಟಿಒ ಸಾಹೇಬರ ಮೇಜಿಗೆ ಗುದ್ದಿ ನಿಂತಿತು. ಅಂದಿನಿಂದ ಚಿಕ್ಕಮ್ಮ ಯಲಹಂಕಕ್ಕೆ ಬಸ್ಸಿನಲ್ಲಿ ಹೋಗಿಬರುತ್ತಾರೆ. ಚಿಕ್ಕಪ್ಪ ಬಸ್‌ಸ್ಟಾಪಿನ ತನಕ ಬರುವಂತಿಲ್ಲ ಅಂತ ಕರಾರು.

ಇಂಥ ಚಿಕ್ಕಪ್ಪನಿಗೆ ಇರುವವನು ಒಬ್ಬನೇ ಮಗ. ನನಗಿಂತ ಹನ್ನೆರಡು ವರ್ಷ ಚಿಕ್ಕವನು, ನನ್ನನ್ನು ಅಣ್ಣ ಅನ್ನುತ್ತಾನೆ. ಅಪ್ಪನ ಬಾಯಿ ಮುಂದೆ ತನಗೇನು ಕೆಲಸ ಅಂತಲೋ ಏನೋ, ಹುಟ್ಟಿದಾಗಿನಿಂದ ಮಾತು ಕಡಿಮೆ. ಬಿ.ಕಾಂ. ಓದುವಾಗ ನಮ್ಮ ಸಂಜಯನಗರದ ಮನೆಗೆ ಬಂದುಹೋಗುತ್ತಿದ್ದ. ಅಲ್ಲೇ ಪಕ್ಕದ ರಸ್ತೆಯಲ್ಲೊಂದು ಆಶ್ರಮ. ಶನಿವಾರ ಸಂಜೆ ಭಜನೆ, ಆಮೇಲೆ ಪುಳಿಯೋಗರೆ. ಮೊದಮೊದಲು ಪುಳಿಯೋಗರೆಗೇ ಹೋಗುತ್ತಿದ್ದ ಅಂತ ಚಿಕ್ಕಪ್ಪನ ವಾದ. ನನ್ನ ವಾದವೂ ಅದೇ, ಯಾಕೆಂದರೆ ಮೊದಲ ದಿನ ಕರೆದುಕೊಂಡು ಹೋದವನು ನಾನು! ಆದರೆ ಪುಳಿಯೋಗರೆ ತಿಂದು ನಾನು ಮನೆಗೆ ಬಂದೆ, ಅವನು ಅಲ್ಲೇ ಉಳಿದ. ಎರಡು ವರ್ಷ ಪಾತ್ರೆ ತೊಳೆದ, ಹಸು ಮೇಯಿಸಿದ, ಮಕ್ಕಳಿಗೆ ಶ್ಲೋಕ ಹೇಳಿಕೊಟ್ಟ. ಕೊನೆಗೊಂದು ದಿನ ಬಾಗಲೂರಿಗೆ ಬಂದು, "ಅಪ್ಪ, ನಾನು ಬ್ರಹ್ಮಚಾರಿ ಆಗ್ತೀನಿ. ಫಿಜಿಯಲ್ಲಿ ನಮ್ಮ ಆಶ್ರಮದ ಕೇಂದ್ರ ಇದೆ, ಅಲ್ಲಿಗೆ ಕಳಿಸ್ತಾರೆ" ಅಂದ.

ನಾವೆಲ್ಲ ಚಿಕ್ಕಪ್ಪನ ಕಡೆ ತಿರುಗಿದೆವು. ಚಿಕ್ಕಪ್ಪ ದೇವರೊಂದಿಗೆ ದೂರದ ನಂಟು ಇಟ್ಟುಕೊಂಡವರು. ದೇವಸ್ಥಾನಕ್ಕೆ ಹೋದರೂ ಮೊದಲು ಪ್ರಸಾದದ ಸಾಲು ಎಲ್ಲಿದೆ ಅಂತ ನೋಡುವ ಪೈಕಿ. ಒಂದು ಸಲ ಆ ಆಶ್ರಮದ ಸ್ವಾಮೀಜಿಯನ್ನೇ ಹಿಡಿದು, "ನೀವು ಬೆಳಗಿನ ಜಾವ ನಾಲ್ಕಕ್ಕೆ ಏಳ್ತೀರಂತೆ. ಅಷ್ಟೊತ್ತಿಗೆ ದೇವ್ರು ಎದ್ದಿರ್ತಾನಾ?" ಅಂತ ಕೇಳಿದ್ದರು. "ಅವನನ್ನ ಎಬ್ಬಿಸೋದಕ್ಕೇ ನಾವು ಏಳೋದು ಯಜಮಾನ್ರೇ" ಅಂತ ಸ್ವಾಮೀಜಿ ನಕ್ಕಿದ್ದರು. ಆ ಚಿಕ್ಕಪ್ಪ ಈಗೇನು ಅನ್ನುತ್ತಾರೋ?

"ಫಿಜಿ ಎಲ್ಲೈತೆ?" ಅಂದರು.

ಗೋಡೆಯ ಭೂಪಟದಲ್ಲಿ ಎಲ್ಲರೂ ಹುಡುಕಿದೆವು. ಸಿಗಲಿಲ್ಲ. ಅಲ್ಲೊಂದು ನೊಣ ಕೂತಿತ್ತು. ಅದನ್ನು ಓಡಿಸಿದ ಮೇಲೆ ಫಿಜಿ ಸಿಕ್ಕಿತು. ಅಲ್ಲಿ ಕಬ್ಬು ಬೆಳೆಯುತ್ತಾರೆ ಅಂತ ತಮ್ಮ ಹೇಳಿದ್ದೇ ತಡ, ಚಿಕ್ಕಪ್ಪ ಎದ್ದು ನಿಂತರು. "ಕಬ್ಬು ಬೆಳಿಯೋರು ಅಂದ್ಮೇಲೆ ನಮ್ಮೋರೇ ಬಿಡು! ಓಗ್ಬಾ ಮಗಾ! ಒಂದು ಕೈ ನೋಡೇಬಿಡು!" ಅಂತ ಅಂಗೈ ಉಜ್ಜಿದರು. ಮುಗಿಯಿತು ಈ ಹುಡುಗನ ಕಥೆ!

ಆಶ್ರಮದ್ದು ಒಂದೇ ನಿಯಮ. ಹೊರಡುವ ಹುಡುಗನ ಅಪ್ಪ ಅಮ್ಮ ಇಬ್ಬರೂ ಒಪ್ಪಿಗೆಪತ್ರಕ್ಕೆ ಸಹಿ ಮಾಡಿಕೊಡಬೇಕು. ಹೊರಡುವ ದಿನ ಕೊಟ್ಟರೂ ಸರಿಯೇ, ಅದಿಲ್ಲದೆ ಮಾತ್ರ ಹುಡುಗ ವಿಮಾನ ಹತ್ತುವಂತಿಲ್ಲ. ತಮ್ಮ ಪತ್ರ ತಂದಾಗ ಚಿಕ್ಕಮ್ಮ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, ಪೂರ್ತಿ ಓದಿ, ಸಹಿ ಹಾಕಿ, ಮಗನ ತಲೆ ಸವರಿ, ಒಗ್ಗರಣೆ ಸೀದೀತು ಅಂತ ಒಳಗೆ ಹೋದರು. "ನಂದೇನಿದೆ? ಭಾನುವಾರ ಎಲ್ರ ಮುಂದೆ ಜೋರಾಗಿ ಸೈನ್ ಹೊಡೀತೀನಿ" ಅಂದರು ಚಿಕ್ಕಪ್ಪ. ಪತ್ರ ಟಿ.ವಿ. ಮೇಲೆ ಹೋಗಿ ಕೂತಿತು.

ಅಲ್ಲಿಂದ ಶುರುವಾಯಿತು ನೋಡಿ, ಪ್ರೋತ್ಸಾಹ! ಪರದೇಶದಲ್ಲಿ ಪ್ರವಚನ ಮಾಡಬೇಕಾದವನಿಗೆ ಅಭ್ಯಾಸ ಬೇಡವೇ? ಸಂಜೆಯಾದರೆ ಚಿಕ್ಕಪ್ಪ ಮೇಲಿನ ಮಹಡಿಗಳ ಬಾಡಿಗೆದಾರರನ್ನೆಲ್ಲ ಅಂಗಳದಲ್ಲಿ ಕೂರಿಸಿ, ಮಗನನ್ನು ಸ್ಟೂಲಿನ ಮೇಲೆ ನಿಲ್ಲಿಸುತ್ತಿದ್ದರು. ಅಡ್ಡಪ್ರಶ್ನೆ ಕೇಳುವ ಕೆಲಸ ತಮ್ಮದೇ.

"ಪ್ರಶ್ನೆ! ಆತ್ಮಕ್ಕೆ ಸಾವಿಲ್ಲ ಅಂತೀಯ. ಸೊಳ್ಳೆಗೂ ಆತ್ಮ ಐತಾ?"

"ಇದೆ ಅಪ್ಪ."

"ಮತ್ತೆ ನಾನು ಈ ಬ್ಯಾಟ್ ಹಿಡ್ಕೊಂಡು ಯಾಕ್ ಒದ್ದಾಡ್ತಾ ಇದೀನಿ?"

"ಬ್ಯಾಟು ಇರೋದು ಸೊಳ್ಳೆಗೆ. ಆತ್ಮಕ್ಕಲ್ಲ."

ಬಾಡಿಗೆದಾರರು ಹೋ ಎಂದು ನಕ್ಕರು. ಚಿಕ್ಕಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು, ಕೈಯಲ್ಲಿದ್ದ ಬ್ಯಾಟನ್ನು ಮರೆತು! ಚಟ್ ಅಂತ ಒಂದು ಕಿಡಿ ಹಾರಿತು. ಅರ್ಧ ಗಂಟೆ ಪ್ರವಚನಕ್ಕೆ ವಿರಾಮ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ನಮ್ಮ ಕಡೆ ಫ್ಲೆಕ್ಸ್ ಇಲ್ಲದೆ ಯಾವ ಶುಭಕಾರ್ಯವೂ ನಡೆಯದು. ಚಿಕ್ಕಪ್ಪ ಸರ್ಕಲ್ಲಿನ ಫ್ಲೆಕ್ಸ್ ಅಂಗಡಿಗೆ ಹೋಗಿ ತಾವೇ ಪಕ್ಕ ಕೂತು ಮಾಡಿಸಿದರು. "ದೇವರ ಕೆಲಸಕ್ಕೆ ಓಗೋನು. ಫೋಟೋಗೆ ದೊಡ್ಡ ಹಾರ ಹಾಕು. ಎರಡೂ ಕಡೆ ದೀಪ ಇಡು. ವಿಮಾನದಲ್ಲಿ ಓಗ್ತಾನೆ, ಹಿಂದೆ ಮೋಡ ಇರಲಿ." ಅಂಗಡಿಯವನು ಹೇಳಿದಂತೆ ಮಾಡಿಕೊಟ್ಟ. ಅಡಿಯಲ್ಲಿ 'ಫಿಜಿ ಪ್ರಯಾಣಕ್ಕೆ ಶುಭಾಶಯಗಳು' ಅಂತಲೂ ಇತ್ತು. ಆದರೆ ಸರ್ಕಲ್ಲಿನಲ್ಲಿ ಅದನ್ನು ಕಟ್ಟಿದ ಕಡೆ ಕಲ್ಲಂಗಡಿ ಹಣ್ಣಿನ ಗಾಡಿ ನಿಂತು ಆ ಸಾಲು ಮುಚ್ಚಿಹೋಗುತ್ತಿತ್ತು. ರಸ್ತೆಯಲ್ಲಿ ಹೋಗುವವರಿಗೆ ಕಂಡದ್ದು ಹಾರ, ದೀಪ, ಮೋಡ, ಮೋಡದ ನಡುವೆ ಬಿಳಿ ಬಟ್ಟೆ ತೊಟ್ಟು ನಗುತ್ತಿರುವ ಇಪ್ಪತ್ತಮೂರರ ಹುಡುಗ!

ಆ ಭಾನುವಾರ ಬೆಳಿಗ್ಗೆ ಹಾಲಿನ ಡೈರಿಯ ಯಜಮಾನರು ಬಂದರು. ಚಪ್ಪಲಿ ದೂರದಲ್ಲೇ ಬಿಟ್ಟು, ಟವೆಲ್ಲಿನಿಂದ ಮೂಗು ಒರೆಸಿಕೊಂಡು ಕೂತರು. ಚಿಕ್ಕಪ್ಪ ಅಭಿನಂದನೆಗೆ ಎದೆಯುಬ್ಬಿಸಿ ಕಾದರು.

"ಏನಾಗಿತ್ತಣ್ಣಾ?"

"ಎರಡು ವರ್ಷದಿಂದ ಲಕ್ಷಣ ಕಾಣ್ತಾನೇ ಇತ್ತು. ನಾವೇ ಗಮನ ಕೊಡ್ಲಿಲ್ಲ."

"ಎಲ್ಲೂ ತೋರಿಸ್ಲಿಲ್ವಾ?"

"ಯಾಕ್ ತೋರಿಸ್ಬೇಕು? ಅವನೇ ಖುಷಿಯಾಗವ್ನೆ."

ಯಜಮಾನರು ಕಣ್ಣೊರೆಸಿಕೊಂಡರು. "ದೊಡ್ಡ ಮನಸ್ಸು ನಿಮ್ದು. ಹೊರಡೋದು ಎಷ್ಟೊತ್ಗೆ?"

"ಬರೋ ತಿಂಗಳು ಹದಿನೈದಕ್ಕೆ."

"ಅಲ್ಲೀಗಂಟ ಮನೇಲೇ ಇಟ್ಕೊಂತೀರಾ!"

"ಇನ್ನೆಲ್ಲಿಡಾನ? ಒಳಗೆ ಅವರಮ್ಮಂಗೆ ಕಾಯಿ ತುರಿದು ಕೊಡ್ತಾ ಅವ್ನೆ."

ಸರಿಯಾಗಿ ಆಗಲೇ ತಮ್ಮ ಕಾಫಿ ತಂದ. ಯಜಮಾನರು ಕೂಗಿದ ಕೂಗಿಗೆ ಮೂರನೇ ಮಹಡಿಯ ಬಾಡಿಗೆದಾರರು ಇಳಿದು ಬಂದರು. ಕಾಫಿ ಅವರ ಪಂಚೆಯ ಪಾಲಾಯಿತು.

ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ಎದುರುಮನೆ ಅಜ್ಜಿ ಅಳುತ್ತಲೇ ಒಳಗೆ ಬಂದಳು. ಬಂದವಳೇ ಚಿಕ್ಕಪ್ಪನ ಎರಡೂ ಕೈ ಹಿಡಿದುಕೊಂಡು, "ಇದ್ದೊಬ್ಬ ಮಗನ್ನ ಕಳ್ಕೊಂಡ್ಯಲ್ಲೋ ನನ್ನಪ್ಪಾ! ಇಂಗಾಗ್ಬಾರ್ದಿತ್ತು! ಇನ್ನ ಈ ಮನೇಲಿ ಅಪ್ಪಾ ಅಂತ ಕೂಗೋರು ಯಾರೋ?" ಅಂದಳು. "ಅಜ್ಜಿ, ಇಲ್ಲೇ ಇದೀನಿ" ಅಂತ ತಮ್ಮ ಮುಂದೆ ಬಂದ. ಅಜ್ಜಿ ಅವನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಥೂ ಮುಂಡೇದೇ, ಹೆದರಿಸ್ತೀಯಾ!" ಅಂತ ಬೆನ್ನಿಗೆರಡು ಬಾರಿಸಿ, ತಾನೂ ನಕ್ಕಳು. ಎಲ್ಲರೂ ಹೊಟ್ಟೆ ಹಿಡಿದು ನಕ್ಕೆವು. ಚಿಕ್ಕಪ್ಪ ಮಾತ್ರ ನಗಲಿಲ್ಲ. ಎದ್ದು ಹೋಗಿ, ತಾವೇ ಏಣಿ ಹತ್ತಿ, ಫ್ಲೆಕ್ಸ್ ಬಿಚ್ಚಿಕೊಂಡು ಬಂದರು.

ಅವತ್ತು ಸಹಿ ಆಗಲಿಲ್ಲ. ಮರುದಿನ ಕನ್ನಡಕ ಸಿಗಲಿಲ್ಲ, ಅದು ಹಣೆಯ ಮೇಲೇ ಇತ್ತು. ಆಮೇಲೆ ಅಮಾವಾಸ್ಯೆ ಬಂತು. ರಾಹುಕಾಲ ಅಂದರೇನೆಂದು ಜನ್ಮದಲ್ಲಿ ವಿಚಾರಿಸದ ಮನುಷ್ಯ ದಿನಕ್ಕೆ ಮೂರು ಸಲ ಕ್ಯಾಲೆಂಡರ್ ನೋಡತೊಡಗಿದರು! ಮನೆಯಲ್ಲಿದ್ದ ಯಾವ ಪೆನ್ನೂ ಅವರ ಕೈಯಲ್ಲಿ ಬರೆಯುತ್ತಿರಲಿಲ್ಲ. ಅದೇ ಪೆನ್ನಿನಲ್ಲಿ ಚಿಕ್ಕಮ್ಮ ದಿನಸಿ ಪಟ್ಟಿ ಬರೆಯುತ್ತಿದ್ದರು. ಪ್ರೋತ್ಸಾಹಕ್ಕೇನೂ ಕೊರತೆಯಿಲ್ಲ. ಮಗನಿಗೆ ಆಕಾಶದಿಂದ ಮನೆ ಗುರುತು ಸಿಗಲಿ ಅಂತ ಮಾಳಿಗೆಯ ನೀರಿನ ಟ್ಯಾಂಕಿಗೆ ಕಾವಿ ಬಣ್ಣ ಹೊಡೆಸಿದರು. ಎಲ್ಲ ಮಾಡಿದರು, ಸಹಿಯೊಂದು ಬಿಟ್ಟು.

ತಮ್ಮ ಒಂದು ದಿನವೂ ಸಹಿ ಕೇಳಲಿಲ್ಲ. "ಅಪ್ಪ ಮನಸಾರೆ ಮಾಡಿದ್ರೆ ಹೋಗ್ತೀನಿ ಅಣ್ಣ. ಇಲ್ಲಾಂದ್ರೆ ಹೋಗಲ್ಲ" ಅಂದ, ಪಾತ್ರೆ ಉಜ್ಜುತ್ತಲೇ. ಎರಡು ವರ್ಷದಿಂದ ಆ ಹುಡುಗ ಬಾಯಿ ಬಿಟ್ಟು ಕೇಳಿದ್ದು ಫಿಜಿಗೆ ಹೋಗುವುದೊಂದೇ. ಸಿಟ್ಟು ನೆತ್ತಿಗೇರಿ ಚಿಕ್ಕಪ್ಪನ ಹತ್ತಿರ ಹೋದೆ.

"ಚಿಕ್ಕಪ್ಪ, ನಿಮ್ಗೆ ಇಷ್ಟ ಇಲ್ಲಾಂದ್ರೆ ನೇರವಾಗಿ ಹೇಳ್ಬಿಡಿ. ಹುಡುಗನ್ನ ಯಾಕೆ ಹೀಗೆ ಸಾಯಿಸ್ತೀರಾ?"

ಅವರು ಕಾವಿ ಟ್ಯಾಂಕಿನ ಕಡೆ ತಿರುಗಿದರು. "ನಾನು ಎಲ್ರಿಗೂ ಚಪ್ಪಾಳೆ ತಟ್ಟಿವ್ನಿ ಕಣೋ" ಅಂದರು. "ಗೆದ್ರೋ ಸೋತ್ರೋ, ಎಲ್ರೂ ಸಂಜೆಗೆ ಮನೆಗೆ ಬರ್ತಿದ್ರು. ಇವನು ಬರಲ್ಲ."

ನಾನು ಅವರ ಪಕ್ಕದಲ್ಲಿ ಕೂತೆ.

ಹದಿನೈದನೇ ತಾರೀಖು ಬೆಳಿಗ್ಗೆ ಎರಡು ಟೆಂಪೋ ಟ್ರಾವೆಲರ್ ತುಂಬಾ ನಾವು, ಒಂದು ತಮಟೆ ತಂಡ, ಎಲ್ಲ ವಿಮಾನ ನಿಲ್ದಾಣಕ್ಕೆ ಹೋದೆವು. ಅರ್ಧ ಗಂಟೆಯ ದಾರಿಗೆ ಐದು ಗಂಟೆ ಮೊದಲೇ ಹೊರಡಿಸಿದ್ದರು ಚಿಕ್ಕಪ್ಪ. ತಮಟೆಯನ್ನು ಕಾವಲಿನವರು ಗೇಟಿನಲ್ಲೇ ತಡೆದರು. "ಮಗನ್ನ ದೇವ್ರಿಗ್ ಕೊಡ್ತಾ ಇದೀನಿ ಸಾರ್, ಒಂದೇ ಏಟು!" ಅಂತ ಚಿಕ್ಕಪ್ಪ ಎಷ್ಟು ಕೇಳಿಕೊಂಡರೂ ಬಿಡಲಿಲ್ಲ. ಕೊಡುವ ಪತ್ರಕ್ಕೆ ಸಹಿಯೇ ಆಗಿಲ್ಲವಲ್ಲ ಅಂತ ನನಗೆ ನಗುವೂ ಬಂತು, ಅಳುವೂ ಬಂತು.

ಸ್ವಾಮೀಜಿ ಬಾಗಿಲ ಹತ್ತಿರ ಕಾಯುತ್ತಿದ್ದರು. ತಮ್ಮನ ಸಾಲು ಮುಂದೆ ಹೋಗುತ್ತಿತ್ತು, ಅವನು ಮಾತ್ರ ಟ್ರಾಲಿ ಹಿಡಿದು ನಿಂತೇ ಇದ್ದ. ಚಿಕ್ಕಮ್ಮ ಬ್ಯಾಗಿನಿಂದ ಪತ್ರ ತೆಗೆದು, ಗಂಡನ ಮುಂದೆ ಹಿಡಿದು, "ರೀ" ಅಂದರು. ಅಷ್ಟೇ ಅಂದದ್ದು.

ಚಿಕ್ಕಪ್ಪ ಸ್ವಾಮೀಜಿಯ ಪೆನ್ನು ಇಸಿದುಕೊಂಡರು. ಟ್ರಾಲಿಯ ಸೂಟ್‌ಕೇಸಿನ ಮೇಲೆ ಪತ್ರ ಇಟ್ಟು, ಬಗ್ಗಿ ಬರೆಯತೊಡಗಿದರು. ಬರೆದರು, ಬರೆದರು, ಬರೆಯುತ್ತಲೇ ಇದ್ದರು. ಒಂದು ಸಹಿಗೆ ಇಷ್ಟು ಹೊತ್ತೇ? ಬೇಡ ಅಂತ ಬರೆಯುತ್ತಿದ್ದಾರೆ ಅಂದುಕೊಂಡೆ. ಕೊನೆಗೆ ಮಡಚಿ ಸ್ವಾಮೀಜಿಯ ಕೈಗಿಟ್ಟರು.

"ಅಷ್ಟೊತ್ತು ಏನಪ್ಪ ಬರ್ದೆ?" ಅಂದ ತಮ್ಮ.

"ಅಡ್ರೆಸ್ಸು ಕಣೋ. ಸೈನೂ ಮಾಡಿವ್ನಿ. ನಡಿ ನಡಿ, ಕ್ಯೂ ಬೆಳೀತಾ ಐತೆ."

ಹುಡುಗ ಅಪ್ಪನ ಕಾಲು ಮುಟ್ಟಿ, ಅಮ್ಮನ ಕಾಲು ಮುಟ್ಟಿ, ಗಾಜಿನ ಬಾಗಿಲು ದಾಟಿ ಹೋದ. ಸ್ವಾಮೀಜಿ ಪತ್ರ ಬಿಚ್ಚಿ ಓದಿದರು. ಕನ್ನಡಕ ತೆಗೆದು ಒರೆಸಿ, ಇನ್ನೊಮ್ಮೆ ಓದಿ, ನನ್ನ ಕೈಗೆ ಕೊಟ್ಟರು. ಸಹಿ ಇತ್ತು. ಅದರ ಕೆಳಗೆ ಗುಂಡಗಿನ ಅಕ್ಷರದಲ್ಲಿ ಹೀಗಿತ್ತು:

'ನಮ್ಮ ಹುಡುಗ ಊಟಕ್ಕೆ ಕೂತರೆ ಎರಡನೇ ಸಲ ಕೇಳುವುದಿಲ್ಲ. ಹಸಿವಿದ್ದರೂ ಸಾಕು ಅನ್ನುತ್ತಾನೆ. ನಂಬಬೇಡಿ. ಇನ್ನೊಂದು ಸಲ ಬಡಿಸಿ.'

ಓದಿ ತಲೆ ಎತ್ತುವಷ್ಟರಲ್ಲಿ ಸ್ವಾಮೀಜಿ ಫೋನು ಕಿವಿಗೆ ಹಿಡಿದು, ಫಿಜಿಯಲ್ಲಿ ಅಡುಗೆಮನೆ ನೋಡಿಕೊಳ್ಳುವವರು ಯಾರು ಅಂತ ಕೇಳುತ್ತಿದ್ದರು.