ಅತ್ತೆಯ ಮಧ್ಯಾಹ್ನದ ನಿದ್ದೆ

ಪ್ರಶ್ನೆ ಕೇಳುವುದು ಕೆಲವರಿಗೆ ವೃತ್ತಿ, ಕೆಲವರಿಗೆ ಚಟ. ನನಗೆ ಮೊದಲು ಚಟವಾಗಿತ್ತು, ಆಮೇಲೆ ವೃತ್ತಿಯಾಯಿತು. ಮದುವೆ ಮನೆಯಲ್ಲಿ ಪಕ್ಕದ ಎಲೆಗೆ ಕೂತವರು ಕೋಸಂಬರಿ ಮುಗಿಸಿ ಅನ್ನಕ್ಕೆ ಬರುವಷ್ಟರಲ್ಲಿ ಅವರ ಮಗ ಏನು ಓದುತ್ತಿದ್ದಾನೆ, ಯಾವ ಸಬ್ಜೆಕ್ಟು ಉಳಿಸಿಕೊಂಡಿದ್ದಾನೆ, ಮಗಳು ಸಂಗೀತದ ಕ್ಲಾಸು ಯಾಕೆ ಬಿಟ್ಟಳು ಎಂಬುದೆಲ್ಲ ನನಗೆ ಗೊತ್ತಾಗಿಬಿಡುತ್ತಿತ್ತು. ಅವರು ಪಾಯಸಕ್ಕೂ ಕಾಯದೆ ಕೈ ತೊಳೆಯಲು ಎದ್ದಿದ್ದನ್ನು ನಾನೇ ಕಂಡಿದ್ದೇನೆ. ಹೀಗಿರುವಾಗ, ಫೋನಿನಲ್ಲಿ ಮನೆಮನೆಯವರನ್ನು ಮಾತಾಡಿಸಿ ಅವರ ಓದುಬರಹ ವಿಚಾರಿಸುವ ಕೆಲಸಕ್ಕೆ ಹೆಂಗಸರು ಬೇಕಂತೆ ಎಂದು ಗೆಳತಿಯೊಬ್ಬಳು ಹೇಳಿದಾಗ, ನನ್ನ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಹೋಗು, ಇಷ್ಟು ವರ್ಷ ಬಿಟ್ಟಿ ಮಾಡ್ತಿದ್ದೆ" ಎಂದರು.

ಕೆಲಸ ತುಮಕೂರಿನ ಬಿ.ಎಚ್. ರಸ್ತೆಯ ಒಂದು ಕಟ್ಟಡದ ಮಹಡಿಯಲ್ಲಿ. ಶಾಲೆಗೆ ಹೋಗುವ ಮಕ್ಕಳನ್ನು ಎಲ್ಲರೂ ಎಣಿಸುತ್ತಾರೆ. ಆದರೆ ಶಾಲೆ ಬಿಟ್ಟು ಇಪ್ಪತ್ತು ವರ್ಷವಾದವರು, ಶಾಲೆಯ ಮೆಟ್ಟಿಲನ್ನೇ ಹತ್ತದವರು, ನಿವೃತ್ತರಾದವರು ಇವರೆಲ್ಲ ಏನು ಕಲಿಯುತ್ತಿದ್ದಾರೆ ಎಂದು ಕೇಳುವವರಿಲ್ಲ. ಅದನ್ನು ತಿಳಿಯಲು ಒಂದು ಅಧ್ಯಯನ ತಂಡ ಹೊರಟಿತ್ತು. ಮನೆಯ ಒಬ್ಬರಿಗೆ ಫೋನ್ ಮಾಡಿ, ಮೂರು ವರ್ಷದ ಮಗುವಿನಿಂದ ಹಿಡಿದು ಅಜ್ಜಿಯವರೆಗೆ ಮನೆಮಂದಿಯ ಕಲಿಕೆಯನ್ನೆಲ್ಲ ಕೇಳಬೇಕು. ಕೆಲವು ತಿಂಗಳ ನಂತರ ಅದೇ ಮನೆಗೆ ಮತ್ತೆ ಫೋನ್ ಮಾಡಬೇಕು. ನಮ್ಮ ಮೇಲ್ವಿಚಾರಕ ನಟರಾಜ್ ಎಂಬ ಹುಡುಗ, ನನ್ನ ಅಣ್ಣನ ಮಗನ ವಯಸ್ಸಿನವನು, ಮೊದಲ ದಿನವೇ ನಿಯಮಗಳನ್ನು ಹೇಳಿದ. ಪ್ರಶ್ನೆಯನ್ನು ಇದ್ದ ಹಾಗೇ ಓದಬೇಕು. ಉತ್ತರಕ್ಕೆ "ಅಯ್ಯೋ", "ಹೌದಾ", "ಪಾಪ" ಎನ್ನಬಾರದು. ಮನೆಯ ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಯಾವ ಕಾರಣಕ್ಕೂ ಹೇಳಬಾರದು. ಕೊನೆಯ ನಿಯಮ ಹೇಳುವಾಗ ಅವನು ನನ್ನ ಕಡೆಗೇ ಯಾಕೆ ನೋಡಿದನೋ ಗೊತ್ತಿಲ್ಲ. ನಾನು ಮದುವೆ ಮನೆಗಳಲ್ಲಿ ಸಂಪಾದಿಸಿದ ಹೆಸರು ಮಹಡಿಯವರೆಗೂ ಹತ್ತಿತ್ತೋ ಏನೋ.

ಇದ್ದ ಹಾಗೇ ಓದಬೇಕಾದ ಪ್ರಶ್ನೆ ಹೇಗಿತ್ತು ಎಂದರೆ: "ಕಳೆದ ಹನ್ನೆರಡು ತಿಂಗಳಲ್ಲಿ ತಮ್ಮ ಕುಟುಂಬದ ಯಾವುದೇ ಸದಸ್ಯರು ಔಪಚಾರಿಕ ಅಥವಾ ಅನೌಪಚಾರಿಕ ಕಲಿಕೆಗೆ ಒಳಗಾಗಿದ್ದಾರೆಯೇ?" ಸಿ.ಎಸ್. ಪುರದ ಕಡೆಯ ಒಬ್ಬ ಹಿರಿಯರು ಇದನ್ನು ಕೇಳಿ, "ಇಲ್ಲ ಕಣಮ್ಮ, ದೇವ್ರ ದಯೆ, ನಮ್ಮನೇಲಿ ಯಾರ್ಗೂ ಅಂಥದ್ದೇನೂ ಆಗಿಲ್ಲ" ಎಂದರು. ಕುಣಿಗಲ್ಲಿನ ಒಬ್ಬರು ನಾನು ಬಾಯಿ ತೆರೆಯುವ ಮೊದಲೇ "ಓಟಿಪಿ ಕೊಡಲ್ಲ" ಎಂದರು. ನನಗೆ ಓಟಿಪಿ ಬೇಡ ಎಂದೆ. "ಎಲ್ಲಾ ಮೊದ್ಲು ಹಂಗೇ ಅಂತಾರೆ" ಎಂದು ಇಟ್ಟರು. ಗುಬ್ಬಿಯ ಒಬ್ಬ ನಿವೃತ್ತ ಮೇಷ್ಟರಂತೂ ಉತ್ತರ ಕೊಡುವ ಬದಲು ಪ್ರಶ್ನೆಯನ್ನೇ ತಿದ್ದಿ, ತಿದ್ದಿದ್ದನ್ನು ನನ್ನಿಂದ ಮತ್ತೆ ಓದಿಸಿ, "ಈಗ ಸರಿ" ಎಂದು ಆಶೀರ್ವದಿಸಿ ಕಳಿಸಿದರು. ಅವರ ಮನೆಯಲ್ಲಿ ಯಾರು ಏನು ಕಲಿತರೋ ಗೊತ್ತಾಗಲಿಲ್ಲ. ನಾನು ಕಲಿತೆ.

ನಿಜ ಹೇಳಬೇಕೆಂದರೆ, ಫೋನಿನಲ್ಲಿ ಕೇಳಿ ಇಂಥದ್ದನ್ನೆಲ್ಲ ತಿಳಿಯಲು ಆಗುತ್ತದೆ ಎಂದು ನನಗೆ ಮೊದಲು ನಂಬಿಕೆ ಇರಲಿಲ್ಲ. ಮುಖ ಕಾಣದೆ ಮಾತು ಎಂಥದ್ದು? ಮುಖ ನೋಡದಿದ್ದರೆ ಸುಳ್ಳು ಹೇಗೆ ಹಿಡಿಯುವುದು? ಈ ಅನುಮಾನ ಪೂರ್ತಿ ಕಳಚಿಬಿದ್ದದ್ದು ನಿಟ್ಟೂರಿನ ಹತ್ತಿರದ ಒಂದು ಮನೆಯ ದೆಸೆಯಿಂದ.

ಬೆಳಿಗ್ಗೆ ಫೋನ್ ಎತ್ತಿದವಳು ಆ ಮನೆಯ ಸೊಸೆ, ಭಾಗ್ಯ. ಕುಣಿಗಲ್ ಕಡೆಯ ಹುಡುಗಿ. ಒಂಬತ್ತನೇ ಕ್ಲಾಸಿಗೆ ಓದು ನಿಂತಿದೆ. ಗಂಡನಿಗೆ ಬಿದರೆಹಳ್ಳಿ ಕಾವಲ್ ಕಡೆ ಡ್ರೈವರ್ ಕೆಲಸ. ಮಗಳು ಏಳನೇ ಕ್ಲಾಸು. ಅತ್ತೆ ಗಂಗಮ್ಮ ಶಾಲೆಗೆ ಹೋದವರಲ್ಲ. ಫೋನು ಸ್ಪೀಕರಿನಲ್ಲಿತ್ತು ಎಂದು ನನಗೆ ಗೊತ್ತಾದದ್ದು, ನಾನು ಕೇಳುವ ಪ್ರತಿ ಪ್ರಶ್ನೆಗೂ ಹಿಂದಿನಿಂದ ಇನ್ನೊಂದು ದನಿ "ಯಾರೇ ಅದು? ಏನಂತೆ?" ಎನ್ನುತ್ತಿದ್ದುದರಿಂದ. ಮಗಳ ವಿಷಯ ಬರೆದುಕೊಂಡೆ. ಗಂಡನ ವಿಷಯ ಬರೆದುಕೊಂಡೆ. ಆಮೇಲೆ, "ತಾವು ಈಗ ಯಾವುದಾದರೂ ಓದಿನಲ್ಲಿ ಅಥವಾ ತರಬೇತಿಯಲ್ಲಿ ತೊಡಗಿದ್ದೀರಾ?" ಎಂದೆ.

ಹಿಂದಿನ ದನಿ ಮತ್ತೆ "ಏನಂತೆ?" ಎಂದಿತು.

"ಇಲ್ಲ ಮೇಡಂ" ಎಂದಳು ಭಾಗ್ಯ. "ಅತ್ತೆನೂ ಇಲ್ಲ. ನಮ್ಮನೇಲಿ ಮಗು ಒಂದೇ ಓದೋದು."

ಬರೆದುಕೊಂಡು, ವಂದನೆ ಹೇಳಿ ಇಟ್ಟೆ. ಮನೆಯ ಲೆಕ್ಕ ಮುಗಿದಂತಾಯಿತು. ಆದರೆ ಊಟಕ್ಕೆ ಏಳುವ ಹೊತ್ತಿಗೆ ಅದೇ ನಂಬರಿನಿಂದ ಫೋನ್ ಬಂತು. ಭಾಗ್ಯಳದೇ ದನಿ, ಆದರೆ ತುಂಬ ಸಣ್ಣಗಿತ್ತು. ಸುತ್ತ ತೆಂಗಿನ ಗರಿ ಅಲ್ಲಾಡುವ ಸದ್ದು, ತೋಟಕ್ಕೆ ಬಂದಿದ್ದಳು.

"ಅಕ್ಕಾ, ಬೆಳಿಗ್ಗೆ ನಾನು ಇಲ್ಲ ಅಂದೆನಲ್ಲ, ಅದನ್ನ ಹೊಡೆದಾಕಿ. ನಾನು ಎಸ್ಸೆಸ್ಸೆಲ್ಸಿ ಕಟ್ಟಿದೀನಿ. ಪ್ರೈವೇಟಾಗಿ. ನಮ್ಮೆಜಮಾನ್ರಿಗೆ ಬಿಟ್ರೆ ಯಾರ್ಗೂ ಗೊತ್ತಿಲ್ಲ. ಮಗಳು ಏಳನೇ ಕ್ಲಾಸು, ನಾನು ಫೇಲಾದ್ರೆ ಎಷ್ಟು ನಾಚಿಕೆ ಹೇಳಿ. ಅತ್ತೆಗೆ ಗೊತ್ತಾದ್ರೆ ಊರಿಗೇ ಗೊತ್ತಾದಂಗೆ. ಅದ್ಕೇ ಹೇಳ್ಲಿಲ್ಲ, ನೀವೂ ಹೇಳ್ಬೇಡಿ. ಆದ್ರೆ ನೀವು ಸರ್ಕಾರಕ್ಕೋ ಎಲ್ಲಿಗೋ ಬರೆಯೋ ಲೆಕ್ಕದಲ್ಲಿ ನಾನು ಏನೂ ಓದ್ತಿಲ್ಲ ಅಂತ ಇರೋದು ಯಾಕೋ ಮನಸ್ಸಿಗೆ ಬರ್ಲಿಲ್ಲ."

ನಾನು "ಅಯ್ಯೋ" ಎನ್ನಲಿಲ್ಲ. "ಹೌದಾ" ಎನ್ನಲಿಲ್ಲ. ಇದ್ದ ಸಂಯಮವನ್ನೆಲ್ಲ ಒಟ್ಟುಮಾಡಿ, "ಯಾವಾಗ ಓದುತ್ತೀರಿ?" ಎಂಬ ಮುಂದಿನ ಪ್ರಶ್ನೆಯನ್ನು ಇದ್ದ ಹಾಗೇ ಓದಿದೆ.

"ಮಧ್ಯಾಹ್ನ. ಅತ್ತೆ ಊಟ ಮಾಡಿ ಮಲಗ್ತಾರೆ. ಪುಣ್ಯಾತ್ಗಿತ್ತಿ, ಒಳ್ಳೆ ನಿದ್ದೆ ಅವರ್ದು. ಪಕ್ಕದ ರೂಮಲ್ಲಿ ಕೂತು ಜೋರಾಗಿ ಓದಿದ್ರೂ ಎಚ್ಚರ ಆಗಲ್ಲ. ಗೊರಕೆ ಹೊಡೀತಾನೇ ಇರ್ತಾರೆ. ನಂಗೆ ಜೋರಾಗಿ ಓದದಿದ್ರೆ ತಲೆಗೆ ಹತ್ತಲ್ಲ ಅಕ್ಕಾ."

ಅವಳ ಉತ್ತರವನ್ನು ತಿದ್ದಿ, ಊಟದ ಡಬ್ಬಿ ತೆಗೆದೆ. ಅವತ್ತು ಚಿತ್ರಾನ್ನ ತಂದಿದ್ದೆ, ರುಚಿ ನೆನಪಿಲ್ಲ. ಹೊಟ್ಟೆಯಲ್ಲಿ ಒಂದು ಸುದ್ದಿ ಇಟ್ಟುಕೊಂಡು ಊಟ ಮಾಡಿ ನನಗೆ ಅಭ್ಯಾಸವಿಲ್ಲ.

ಸಂಜೆ ಹೊರಡಲು ಚೀಲ ಹೆಗಲಿಗೇರಿಸುತ್ತಿದ್ದಾಗ ಅದೇ ನಂಬರು ಮತ್ತೆ ಬಂತು. ಈ ಸಲ ದಪ್ಪ ದನಿ. "ಬೆಳಿಗ್ಗೆ ನಮ್ಮನೇಗೆ ಫೋನ್ ಮಾಡಿದ್ದ ಹೆಣ್ಮಗಳು ಬೇಕು."

"ನಾನೇ ಅಮ್ಮ."

"ನೀನೇನವ್ವ? ನಾನು ಗಂಗಮ್ಮ. ಸೊಸೆ ಹಾಲು ಹಾಕಕ್ಕೆ ಡೈರಿಗೆ ಹೋಗವ್ಳೆ, ಬರೋದ್ರೊಳ್ಗೆ ಹೇಳ್ಬುಡ್ತೀನಿ ಕೇಳು. ಅವಳು ಏನೂ ಓದ್ತಿಲ್ಲ ಅಂದ್ಲಲ್ಲ, ಸುಳ್ಳು. ಓದ್ತಾವ್ಳೆ. ಎಸ್ಸೆಸ್ಸೆಲ್ಸಿ. ಚೆನ್ನಾಗಿ ಓದ್ತಾವ್ಳೆ. ಬರ್ಕೋ. ಆದ್ರೆ ನಂಗೆ ಗೊತ್ತು ಅಂತ ಅವ್ಳಿಗೆ ಮಾತ್ರ ಹೇಳ್ಬ್ಯಾಡ."

ಚೀಲ ಹೆಗಲಿಂದ ಜಾರಿತು. "ನಿಮಗೆ ಹೇಗೆ ಗೊತ್ತಾಯಿತು ಅಮ್ಮ?" ಇದು ನಮ್ಮ ಪ್ರಶ್ನೆಗಳಲ್ಲಿ ಇರಲಿಲ್ಲ. ನನ್ನ ಹಳೆಯ ಚಟದ್ದು.

"ದಿನಾ ಕೇಳ್ತೀನಲ್ಲ! ಮಧ್ಯಾಹ್ನ ನಂಗೆಲ್ಲಿ ನಿದ್ದೆ ಬರ್ತದೆ? ಹುಟ್ಟಿದಾಗಿಂದ ಹಗಲು ಮಲಗಿದವಳಲ್ಲ ನಾನು. ಒಂದಿನ ಹಿಂಗೇ ಸೊಂಟ ನೋವು ಅಂತ ಅಡ್ಡಾಗಿದ್ದೆ, ಮಲಗಿದೀನಿ ಅಂದ್ಕಂಡು ಓದಕ್ಕೆ ಶುರು ಮಾಡಿದ್ಲು. ಎದ್ದು ಕೂತೆ, ಪುಸ್ತಕ ಬಚ್ಚಿಟ್ಲು. ಅವತ್ತೇ ಅರ್ಥ ಆಯ್ತು. ಆವಾಗಿಂದ ಉಂಡ ತಕ್ಷಣ ಕಣ್ಮುಚ್ಕಂಡು ಬಿದ್ದಿರ್ತೀನಿ."

"ಗೊರಕೆ..." ಎಂದೆ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಸೊಸೆ ಹೇಳಿದ್ದನ್ನು ಅತ್ತೆಗೆ ಹೇಳುವ ಅಂಚಿನಲ್ಲಿದ್ದೆ. ಗಂಗಮ್ಮನಿಗೆ ಅನುಮಾನ ಬರಲಿಲ್ಲ; ನಾನು ಬುದ್ಧಿವಂತೆ ಎಂದುಕೊಂಡರು.

"ಹೂಂ ಕಣವ್ವ, ಗೊರಕೇನೂ ಹೊಡೀತೀನಿ. ಅವ್ಳಿಗೆ ನಂಬಿಕೆ ಬರ್ಬೇಕಲ್ಲ! ಒಂದೊಂದ್ಸಲ ಕೆಮ್ಮು ಬಂದ್ಬುಡ್ತದೆ, ಸೆರಗು ಬಾಯಿಗೆ ತುರುಕ್ಕಂಡು ತಡ್ಕೊಂತೀನಿ. ಪಕ್ಕದ್ಮನೆ ಪುಟ್ಟಮ್ಮ ಬಂದು ಕೂಗಿದ್ರೆ ಮಾತ್ರ ಏನೂ ಮಾಡಕ್ಕಾಗಲ್ಲ. ಅದ್ಕೇ ಅವಳ ಜೊತೆ ಒಂದು ಸಣ್ಣ ಜಗಳ ಆಡ್ಬುಟ್ಟೆ. ಪರೀಕ್ಷೆ ಮುಗಿಯಗಂಟ ಬರದೇ ಇರ್ಲಿ ಅಂತ."

ನಾನು ನಟರಾಜನ ನಿಯಮಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ನೆನೆದುಕೊಂಡೆ. ಆಮೇಲೆ ಅಧಿಕೃತ ದನಿಯಲ್ಲಿ, "ನಿಮ್ಮ ವಿಷಯ ಅಮ್ಮ? ನೀವೇನಾದರೂ ಕಲಿಯುತ್ತಿದ್ದೀರಾ?" ಎಂದೆ.

ಗಂಗಮ್ಮ ಜೋರಾಗಿ ನಕ್ಕರು. "ನಾನೇನ್ ಕಲೀಲಿ? ಬಿದ್ಕಂಡು ಕೇಳ್ತೀನಿ, ಅಷ್ಟೇ. ಎಲೆ ಬಿಸಿಲು ತಿಂದು ಗಿಡಕ್ಕೆ ಅಡುಗೆ ಮಾಡ್ತದಂತೆ, ಗೊತ್ತಾ ನಿಂಗೆ? ಇಷ್ಟು ವರ್ಷ ತೆಂಗಿನ ಬುಡಕ್ಕೆ ಗೊಬ್ಬರ ಹಾಕಿ ನಾನೇ ಉಣ್ಣುಸ್ತಿದೀನಿ ಅಂದ್ಕಂಡಿದ್ದೆ. ಪದ್ಯಾನೂ ಬಾಯಿಗೆ ಬಂದ್ಬುಟ್ಟವೆ. ಒಂದಿನ ಅವಳು ಒಂದು ಸಾಲು ಮರೆತು ತಡವರಿಸ್ತಾವ್ಳೆ, ನಂಗೆ ಗೊತ್ತು, ಹೇಳಂಗಿಲ್ಲ! ಮಗ್ಗುಲು ಬದಲಾಯಿಸ್ದೆ. ಏನ್ ಮಾಡ್ಲಿ? ಬಂದ್ಲು ಅವ್ಳು, ಇಡ್ತೀನಿ."

ಇಷ್ಟು ಕೇಳಿದ ಮೇಲೂ ಸುಮ್ಮನಿರುವುದು ನನ್ನಂಥವಳಿಗೆ ಎಂಥ ಶಿಕ್ಷೆ ಎಂದು ಊಹಿಸಿ. ಒಬ್ಬಳು ಗುಟ್ಟಾಗಿ ಓದುತ್ತಾಳೆ. ಇನ್ನೊಬ್ಬರು ಗುಟ್ಟಾಗಿ ಕಾವಲಿರುತ್ತಾರೆ. ಇಬ್ಬರೂ ಒಂದೇ ಫೋನಿನಲ್ಲಿ ನನ್ನೊಬ್ಬಳಿಗೆ ಹೇಳಿ, ಹೇಳಬೇಡ ಎಂದಿದ್ದಾರೆ. ಬಾಗಿಲು ತಟ್ಟಿ ಅವರ ಜಗುಲಿಯಲ್ಲಿ ಕೂತು ಕೇಳಿದ್ದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು "ಏನೂ ಇಲ್ಲ" ಎಂದು ಕಾಫಿ ಕೊಟ್ಟು ಕಳಿಸುತ್ತಿದ್ದರು. ಮುಖ ಕಾಣದ್ದರಿಂದಲೇ ಒಬ್ಬಳು ತೋಟಕ್ಕೆ ಬಂದು ಹೇಳಿದಳು, ಇನ್ನೊಬ್ಬರು ಸೊಸೆ ಡೈರಿಗೆ ಹೋದಾಗ ಹೇಳಿದರು. ಅವತ್ತಿನಿಂದ ಈ ಫೋನಿನ ಬಗ್ಗೆ ನನಗೆ ಒಂದು ಗೌರವ ಬಂದುಬಿಟ್ಟಿದೆ.

ಮರುದಿನ ನಟರಾಜನಿಗೆ ಹೆಸರು ಹೇಳದೆ ಕೇಳಿದೆ: "ಗೋಡೆಯಾಚೆ ಮಲಗಿ ಪಾಠ ಕೇಳೋದು ಔಪಚಾರಿಕವೋ ಅನೌಪಚಾರಿಕವೋ?" ಅವನು ತುಂಬ ಯೋಚಿಸಿ, "ನಿದ್ದೇಲಿ ಕಲಿಯೋದು ಬರಲ್ಲ ಮೇಡಂ" ಎಂದ. "ಎಚ್ಚರವಾಗಿದ್ದಾರೆ" ಎಂದೆ. "ಮತ್ತೆ ಯಾಕೆ ಮಲಗಿದಾರೆ?" ಎಂದ. ಹೇಳುವಂತಿರಲಿಲ್ಲ. ಕೊನೆಗೆ "ಇತರೆ" ಎಂದು ಬರೆಸಿದ. ಅತ್ತೆಯ ಆ ಮಧ್ಯಾಹ್ನಗಳೂ, ಬಾಯಿಗೆ ತುರುಕಿದ ಸೆರಗೂ, ಪುಟ್ಟಮ್ಮನ ಜೊತೆಗಿನ ಜಗಳವೂ "ಇತರೆ"ಯೊಳಗೆ ಹೋಗಿ ಕೂತವು.

ಅಲ್ಲಿಂದಾಚೆ ಪರೀಕ್ಷೆ ನನಗೇ ಬಂದ ಹಾಗಾಯಿತು. ರಸ್ತೆಯಲ್ಲಿ ಯೂನಿಫಾರ್ಮಿನ ಮಕ್ಕಳು ಪ್ಯಾಡ್ ಹಿಡಿದು ಹೋಗುವುದು ಕಂಡರೆ ಎದೆ ಹೊಡೆದುಕೊಳ್ಳುತ್ತಿತ್ತು. ರಿಸಲ್ಟ್ ಬಂದ ದಿನ, ನೋಡಲು ನಂಬರು ಗೊತ್ತಿಲ್ಲದೆ, ಟಿವಿಯಲ್ಲಿ ಮೊದಲ ಸ್ಥಾನ ಬಂದವರಿಗೆ ಲಡ್ಡು ತಿನ್ನಿಸುವುದನ್ನೇ ನೋಡುತ್ತ ಕೂತೆ. "ನಿಂಗೆ ಯಾರು ಬೇಕು ಅದ್ರಲ್ಲಿ?" ಎಂದರು ಯಜಮಾನರು. "ಯಾರೂ ಇಲ್ಲ" ಎಂದೆ. ಅವರು ನನ್ನ ಹಣೆ ಮುಟ್ಟಿ ನೋಡಿದರು.

ಎರಡನೇ ಸುತ್ತಿನಲ್ಲಿ ಆ ಮನೆಗೆ ಮತ್ತೆ ಫೋನ್ ಮಾಡಿದೆ. ಭಾಗ್ಯಳೇ ಎತ್ತಿದಳು. ನಿಯಮದ ಪ್ರಕಾರ ಮೊದಲು ಮಗಳ ವಿಷಯ ಕೇಳಬೇಕು, ಆಮೇಲೆ ಗಂಡ. ಜೀವ ಬಾಯಿಗೆ ಬಂದಿತ್ತು. ಆದರೂ ಗಂಡನ ತರಬೇತಿಯನ್ನೆಲ್ಲ ಸಾವಧಾನವಾಗಿ ಕೇಳಿದೆ. ಕೊನೆಗೆ, "ತಾವು ಈಗ ಯಾವುದಾದರೂ..." ಎನ್ನುವಷ್ಟರಲ್ಲಿ ಹಿಂದಿನಿಂದ ದಪ್ಪ ದನಿ ಕೂಗಿತು: "ಎಲ್ಲಾ ಪಾಸು ಅನ್ನೇ! ಲೆಕ್ಕ ಒಂದು ಮತ್ತೆ ಕಟ್ಟವ್ಳೆ, ಅದನ್ನೂ ಬರೆಸೇ!"

ನನ್ನ ಬಾಯಿಂದ ಒಂದಲ್ಲ, ಮೂರು "ಅಯ್ಯೋ" ಬಿದ್ದವು. ನಟರಾಜ್ ತಿರುಗಿ ನೋಡಿದ.

ಭಾಗ್ಯ ನಗುತ್ತ ಹೇಳಿದಳು. "ಮೊದಲ್ನೇ ಪರೀಕ್ಷೆ ದಿನ, ತವರಿಗೆ ಹೋಗಿ ಬರ್ತೀನಿ ಅತ್ತೆ ಅಂತ ಸುಳ್ಳು ಹೇಳಿ ಚಪ್ಪಲಿ ಮೆಟ್ಕೊಂತಿದ್ದೆ ಅಕ್ಕಾ. ಸೆಂಟರು ಗುಬ್ಬೀಲಿ. ಅತ್ತೆ ರೊಟ್ಟಿ ಕಟ್ಟಿ ಕೈಗೆ ಕೊಟ್ರು. ಕೊಟ್ಟು, 'ಹಾಲ್ ಟಿಕೆಟ್ ತಗಂಡಿದೀಯೇನೇ?' ಅಂದ್ರು. ನಂಗೆ ಅಲ್ಲೇ ಅಳು ಬಂದ್ಬಿಡ್ತು. 'ಈಗ ಅತ್ರೆ ಬಸ್ ಹೋಯ್ತದೆ, ಬಂದು ಅಳು' ಅಂತ ತಳ್ಳಿದ್ರು."

ಈಗ ಓದು ನಡುಮನೆಯಲ್ಲೇ ನಡೆಯುತ್ತದಂತೆ. ಲೆಕ್ಕವನ್ನು ಮಗಳೇ ಹೇಳಿಕೊಡುತ್ತಾಳಂತೆ. ಪುಟ್ಟಮ್ಮನೂ ರಾಜಿಯಾಗಿ ಬಂದು ಕೂರುತ್ತಾಳಂತೆ. ಗಂಗಮ್ಮ ಫೋನು ಕಿತ್ತುಕೊಂಡು ಒಂದು ದೂರು ಹೇಳಿದರು: "ಈಗ ಮಲಗೋ ಕೆಲ್ಸ ಇಲ್ಲ ನೋಡು, ಮಧ್ಯಾಹ್ನ ಆದ್ರೆ ನಿಜವಾಗ್ಲೂ ನಿದ್ದೆ ಬಂದ್ಬುಡ್ತದೆ. ಅಭ್ಯಾಸ ಆಗೋಯ್ತು. ಪಾಠ ಅರ್ಧ ತಪ್ಪೋಯ್ತದೆ."

ನಾನು ವಂದನೆ ಹೇಳಿ ಇಡುವುದರಲ್ಲಿದ್ದೆ. "ತಡಿಯವ್ವ" ಎಂದರು ಗಂಗಮ್ಮ. "ಎಲ್ಲಾರ ಮನೇದೂ ಕೇಳ್ತೀಯಲ್ಲ, ನೀನೇನ್ ಕಲ್ತೆ ಈ ವರ್ಷ?"

ಒಂದು ದಿನ ಹೋಗಿ ಬಿಟ್ಟ ಯೋಗ ಕ್ಲಾಸು ನೆನಪಾಯಿತು. ಗೇಟಿನಿಂದ ಆಚೆ ದಾಟದ ಸ್ಕೂಟರು ನೆನಪಾಯಿತು. ಗಂಟಲು ಸರಿಮಾಡಿಕೊಂಡು, "ಅಮ್ಮ, ಪ್ರಶ್ನೆ ಕೇಳುವವರ ಮಾಹಿತಿಯನ್ನು ನಾವು ಸಂಗ್ರಹಿಸುವುದಿಲ್ಲ" ಎಂದೆ. ಅಂಥ ನಿಯಮವೇನೂ ಇರಲಿಲ್ಲ. ಆಗಷ್ಟೇ ಮಾಡಿದ್ದೆ.

"ಹಂಗಂದ್ರೆ ಏನೂ ಇಲ್ಲ ಅಂತ ಬರ್ಕೋ ಬುಡು" ಎಂದು ಗಂಗಮ್ಮ ಫೋನು ಇಟ್ಟರು.