ದೊರೆಯ ಸಿಕ್ಕುಗಂಟು ಮತ್ತು ತಮ್ಮ ಹದಿನಾಲ್ಕು ಸಲಕರಣೆಗಳು

ನಾಯಿಗಳ ಕೂದಲಿನ ಆರೈಕೆಗೆಂದೇ ಕಾರ್ಖಾನೆ ಕಟ್ಟಿ ಕೂತಿರುವ ಮಾನ್ಯರೇ,

ತಾವೂ, ತಮ್ಮ ಸಿಬ್ಬಂದಿಯೂ, ಅಲ್ಲಿ ಹಗಲಿಡೀ ಬಾಚಣಿಗೆಗಳಿಗೆ ಹಲ್ಲು ಕೂರಿಸುವ ಪುಣ್ಯಾತ್ಮರೂ ಕ್ಷೇಮವಾಗಿದ್ದೀರೆಂದು ನಂಬಿ, ಮೊದಲಿಗೆ ನನ್ನ ಮತ್ತು ನನ್ನ ಹೆಂಡತಿಯ ನಮಸ್ಕಾರಗಳನ್ನು ಅರ್ಪಿಸುತ್ತೇನೆ. ನಮ್ಮ ಐದು ತಿಂಗಳ ನಾಯಿಮರಿ ದೊರೆಯ ನಮಸ್ಕಾರವನ್ನೂ ಜೊತೆಗೆ ಸೇರಿಸಬೇಕೆಂದಿದ್ದೆ. ಆದರೆ ತಮ್ಮ ಕಂಪನಿಯ ವಿಷಯದಲ್ಲಿ ಅವನ ಅಭಿಪ್ರಾಯ ಬೇರೆಯೇ ಇರುವುದರಿಂದ ಒತ್ತಾಯ ಮಾಡಲಿಲ್ಲ.

ನಾನು ಮೂವತ್ತೊಂದು ವರ್ಷಗಳಿಂದ ಕಟಿಂಗ್ ಅಂಗಡಿ ನಡೆಸುತ್ತಿರುವವನು. ನನ್ನ ಮೂರು ಕುರ್ಚಿಗಳಲ್ಲಿ ಕೂತವರೆಲ್ಲ ತೂಕಡಿಸಿಯೇ ಎದ್ದಿದ್ದಾರೆ. ಬಾಗಿಲಲ್ಲೇ ರಂಪ ಮಾಡುವ ಮಕ್ಕಳೂ ಕುರ್ಚಿಯ ಕೈಗಳ ಮೇಲಿಟ್ಟ ಹಲಗೆಯಲ್ಲಿ ಕೂತ ಎರಡೇ ನಿಮಿಷಕ್ಕೆ ನನಗೆ ತಮ್ಮ ಶಾಲೆಯ ಗುಟ್ಟುಗಳನ್ನು ಹೇಳತೊಡಗುತ್ತಾರೆ. ನನ್ನ ಕೈಗೆ ಹೆದರಿ ಇದುವರೆಗೆ ಒಬ್ಬರೂ ಓಡಿಹೋದವರಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ನನ್ನನ್ನು ತಾವು ಎಷ್ಟು ಎತ್ತರದಿಂದ ಕೆಳಗಿಳಿಸಿದಿರಿ ಎಂಬ ಅಂದಾಜು ತಮಗೂ ಇರಲಿ ಎಂದಷ್ಟೇ.

ದೊರೆಯನ್ನು ತಂದವಳು ನನ್ನ ಹೆಂಡತಿ. ಅವನಿಗೆ ಕಣ್ಣು ಮುಚ್ಚುವಷ್ಟು ಕೂದಲು. ನಿಂತಿದ್ದರೆ ಮುಂದು ಯಾವುದು ಹಿಂದು ಯಾವುದು ಎಂದು ತಿಳಿಯಲು ಅವನು ಒಂದು ಹೆಜ್ಜೆ ಇಡುವವರೆಗೆ ಕಾಯಬೇಕು. ಆ ಕೂದಲು ನೆಲ ಮುಟ್ಟುವ ದಿನಕ್ಕಾಗಿ ಅವಳು ಕಾದಿದ್ದಳು, ಆ ದಿನದವರೆಗೆ ಅದನ್ನು ಸಿಕ್ಕಿಲ್ಲದೆ ಸಾಕುವ ಹೊಣೆಯನ್ನು ನಾನು ಮೀಸೆ ತಿರುವಿಯೇ ಹೊತ್ತುಕೊಂಡೆ. ತಮ್ಮ 'ಸಂಪೂರ್ಣ ಸೆಟ್' ನಮ್ಮ ಮನೆಗೆ ಬಂದದ್ದು ಹೀಗೆ.

ಊಟದ ಮೇಜಿನ ಮೇಲೆ ಅದರ ಹದಿನಾಲ್ಕು ಸಲಕರಣೆಗಳನ್ನೂ ಸಾಲಾಗಿ ಜೋಡಿಸಿದಾಗ ನನ್ನ ಹೆಂಡತಿ ತಟ್ಟೆ ಇಡಲು ಜಾಗ ಹುಡುಕುತ್ತಾ, "ಇದು ನಾಯಿ ಬಾಚೋಕಾ, ಇಲ್ಲಾ ಮನೆ ಕಟ್ಟೋಕಾ?" ಎಂದು ಕೇಳಿದಳು. ಅವಳ ಪ್ರಶ್ನೆಯಲ್ಲಿ ಹುರುಳಿತ್ತು. ಬಾಗಿದ ತಂತಿಹಲ್ಲಿನ ಬ್ರಶ್ಶು ಒಂದು, ಗುಂಡುತಲೆ ಸೂಜಿಗಳ ಬ್ರಶ್ಶು ಇನ್ನೊಂದು, ಹೊಲದ ಕುಂಟೆಯ ಮೊಮ್ಮಗನಂತಿರುವ ಉದ್ದಹಲ್ಲಿನದು ಮತ್ತೊಂದು, ಗಂಟು ಸೀಳುವ ಕೊಕ್ಕೆಬ್ಲೇಡು, ರಬ್ಬರಿನ ಕೈಗವಸು, ಎರಡು ಬಗೆಯ ಕತ್ತರಿ, ಒಂದು ತುದಿಯಲ್ಲಿ ವಿರಳ ಮತ್ತೊಂದು ತುದಿಯಲ್ಲಿ ಒತ್ತಾದ ಹಲ್ಲುಗಳಿರುವ ಸ್ಟೀಲ್ ಬಾಚಣಿಗೆ. ಉಳಿದವುಗಳ ಉಪಯೋಗ ಏನೆಂದು ತಯಾರಿಸಿದ ತಮಗಾದರೂ ಗೊತ್ತಿದ್ದರೆ ಸಂತೋಷ. ಯಾವುದನ್ನು ಯಾವಾಗ ಹಿಡಿಯಬೇಕೆಂದು ತಿಳಿಯಲು ತಮ್ಮ ಕೈಪಿಡಿ ತೆರೆದರೆ, ಹನ್ನೊಂದು ಭಾಷೆಗಳಲ್ಲಿ ಒಂದೇ ವಾಕ್ಯ: 'ಮೃದುವಾಗಿ ಬಳಸಿ.' ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಜನರನ್ನು ಕತ್ತಲಲ್ಲಿಡುವ ಕಲೆಗೆ ನಾನು ತಲೆಬಾಗುತ್ತೇನೆ.

ಇರಲಿ, ಕೂದಲಿನ ವಿಷಯದಲ್ಲಿ ನನಗೆ ಯಾರು ಪಾಠ ಹೇಳಬೇಕು ಎಂದುಕೊಂಡು ಎಲ್ಲಕ್ಕಿಂತ ಮೆತ್ತಗಿರುವ ಸೂಜಿಬ್ರಶ್ಶನ್ನು ಆರಿಸಿ, ದಿನಾ ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ದೊರೆಯ ಬೆನ್ನನ್ನು ಕನ್ನಡಿಯಂತೆ ಹೊಳೆಯಿಸಿದೆ. ಬೀದಿಯವರು ನಿಂತು ಹೊಗಳಿದರು, ನಾನು ಉಬ್ಬಿದೆ. ಮೂರನೆಯ ವಾರ ನನ್ನ ಹೆಂಡತಿ ಅವನ ಕಿವಿಯ ಹಿಂದೆ ಕೈಯಾಡಿಸಿ, ಕೋಟಿನ ಗುಂಡಿಯಷ್ಟು ದಪ್ಪದ ಗಂಟೊಂದನ್ನು ಪತ್ತೆ ಮಾಡಿದಳು. ಹುಡುಕುತ್ತಾ ಹೋದರೆ ಕಂಕುಳಲ್ಲಿ ಎರಡು, ಕೊರಳಪಟ್ಟಿಯ ಕೆಳಗೆ ಒಂದು ಸಾಲು, ಹೊಟ್ಟೆಯಡಿ ಲೆಕ್ಕವೇ ಇಲ್ಲ. ಮೇಲೆ ಥಳಕು, ಒಳಗೆ ಹುಳುಕು ಎಂಬ ಮಾತನ್ನು ಗಿರಾಕಿಗಳಿಗೆ ನಾನೇ ಎಷ್ಟು ಸಲ ಹೇಳಿಲ್ಲ!

ಇನ್ನು ನನ್ನ ಮಹಾಪರಾಧಕ್ಕೆ ಬರುತ್ತೇನೆ. ನಮ್ಮ ಕಸುಬಿನಲ್ಲಿ ಮೊದಲ ಪಾಠವೇ ನೀರು: ತಲೆಗೆ ನೀರು ಚಿಮುಕಿಸಿ ಒದ್ದೆ ಮಾಡು, ಆಮೇಲೆ ಬಾಚಣಿಗೆ ಹಾಕು, ಎಂಥ ಒರಟು ಕೂದಲೂ ಮಾತು ಕೇಳುತ್ತದೆ. ಮೂವತ್ತೊಂದು ವರ್ಷ ಹುಸಿಹೋಗದ ಈ ಪಾಠವನ್ನು ನಂಬಿ ದೊರೆಗೆ ಶಾಂಪೂ ಹಾಕಿ ಮೀಯಿಸಿ, ಟವೆಲಿನಿಂದ ಗಸಗಸ ಉಜ್ಜಿ ಒಣಗಿಸಿದೆ. ಸಂಜೆ ಹೊತ್ತಿಗೆ ಆ ಗಂಟುಗಳೆಲ್ಲ ಕುಗ್ಗಿ, ಬಿಗಿದು, ಒಂದಕ್ಕೊಂದು ಹೆಣೆದುಕೊಂಡು ಅಪ್ಪಟ ಕಂಬಳಿಯಾಗಿದ್ದವು. ಆಮೇಲೆ ನಾನು ತಮ್ಮ ಕುಂಟೆಯನ್ನು ಹಿಡಿದೆ, ಅದು ಸಿಕ್ಕಿಕೊಂಡಿತು. ಕೊಕ್ಕೆಬ್ಲೇಡು ಹಿಡಿದೆ, ದೊರೆ ಕಿರುಚಿದ. ಅಂದಿನಿಂದ ನನ್ನ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಅವನು ಮಂಚದ ಕೆಳಗಿನ ಮೂಲೆ ಸೇರಿಬಿಡುತ್ತಿದ್ದ. ಬಿಸ್ಕತ್ತು ಹಿಡಿದು ಕರೆದರೂ ಬರಲಿಲ್ಲ. ನನಗೆ ಊಟ ಸೇರಲಿಲ್ಲ, ಮಾನ್ಯರೇ. "ಊರಿನ ತಲೆಗಳೆಲ್ಲಾ ನಿಮ್ಮ ಕೈಯಲ್ಲಿ ನಿದ್ದೆ ಹೊಡೀತವೆ, ಮನೆ ಮರಿ ನಿಮ್ಮನ್ನ ಕಂಡ್ರೆ ನಡುಗುತ್ತಲ್ರೀ" ಎಂದು ಹೆಂಡತಿ ಹೇಳಿದಾಗ ಅದರಲ್ಲಿ ತಮಾಷೆ ಇರಲಿಲ್ಲ.

ತಮ್ಮ ಗ್ರಾಹಕ ಸೇವೆಗೆ ಫೋನು ಮಾಡಿದೆ. ಅಲ್ಲಿನ ಯಂತ್ರಕನ್ಯೆ ಬಾಚಣಿಗೆ ಮುರಿದಿದ್ದರೆ ಒಂದನ್ನೂ, ಬಣ್ಣ ಇಷ್ಟವಾಗದಿದ್ದರೆ ಎರಡನ್ನೂ ಒತ್ತಲು ಬಹಳ ಆದರದಿಂದ ತಿಳಿಸಿದಳು. ನಾಯಿಯೇ ಮುನಿಸಿಕೊಂಡಿದ್ದರೆ ಯಾವುದನ್ನು ಒತ್ತಬೇಕೆಂದು ಹೇಳಲಿಲ್ಲ. ಆದ್ದರಿಂದ ಮುಂದಿನ ಸೆಟ್ಟಿನಲ್ಲಿ ದಯಮಾಡಿ ಹಿಡಿದುಕೊಳ್ಳಲೊಂದು ಮೂರನೆಯ ಕೈ, ನಾಯಿಯ ಪರವಾಗಿ ವಾದಿಸಲು ಒಬ್ಬ ವಕೀಲ, ಹಾಗೂ ಮಾಲೀಕನ ಹಮ್ಮಿನ ಗಂಟನ್ನು ಬಿಡಿಸುವ ಒಂದು ಹದಿನೈದನೆಯ ಸಲಕರಣೆಯನ್ನು ಸೇರಿಸಬೇಕಾಗಿ ವಿನಂತಿ. ಕೊನೆಯದಕ್ಕೆ ಸ್ಟೀಲಿನದೇ ಆಗಲಿ, ಪ್ಲಾಸ್ಟಿಕ್ಕು ತಡೆಯಲಿಕ್ಕಿಲ್ಲ.

ಕಡೆಗೆ ಪಶುವೈದ್ಯೆಯ ಬಳಿಗೆ ಹೋದೆವು. ಆಕೆ ತಮ್ಮ ಸೆಟ್ಟಿನಿಂದ ಸ್ಟೀಲ್ ಬಾಚಣಿಗೆ ಮತ್ತು ತಂತಿಹಲ್ಲಿನ ಬ್ರಶ್ಶನ್ನು ಮಾತ್ರ ಎತ್ತಿ ಪಕ್ಕಕ್ಕಿಟ್ಟು, "ಇವೆರಡು ಸಾಕು. ಮೊದಲು ಒಣಗಿದ ಕೂದಲಲ್ಲೇ ಸಿಕ್ಕು ಬಿಡಿಸಿ, ಆಮೇಲೆ ಸ್ನಾನ. ಕೂದಲು ಪದರ ಪದರವಾಗಿ ಬಿಡಿಸಿ, ಬಾಚಣಿಗೆ ಬುಡದಿಂದ ತುದಿವರೆಗೂ ಸಲೀಸಾಗಿ ಬಂದ್ರೆ ಮಾತ್ರ ಬಾಚಿದ ಹಾಗೆ" ಎಂದರು. ಈಗಿರುವ ಗಂಟುಗಳನ್ನು ಎಳೆದೆಳೆದು ಬಿಡಿಸಿದರೆ ಉದ್ದ ಕೂದಲೇನೋ ಉಳಿದೀತು, ಆದರೆ ಮರಿಗೆ ನರಕ. ಬೋಳಿಸಿದರೆ ನೋವಿಲ್ಲ, ಆದರೆ ಉದ್ದ ಕೂದಲು ಹೋಯಿತು ಎಂದೂ ಹೇಳಿದರು. ನಾನು ಹೆಂಡತಿಯ ಮುಖ ನೋಡಿದೆ, ನೆಲ ಮುಟ್ಟುವ ಕೂದಲಿನ ಆಸೆ ಅವಳದ್ದಲ್ಲವೇ. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ: "ಕೂದಲು ಮತ್ತೆ ಬರುತ್ತೆ ರೀ. ಅವನು ನಿಮ್ಮ ಹತ್ರ ಬರಬೇಕಲ್ಲ, ಅದು ಮುಖ್ಯ."

ವೈದ್ಯೆ ಕೂದಲು ಕತ್ತರಿಸುವ ಮಷೀನಿಗೆ ನಾಯಿಗೆ ಹೊಂದುವ ಬ್ಲೇಡು ಹಾಕಿ ಕೊಟ್ಟು ಪಕ್ಕದಲ್ಲೇ ನಿಂತರು, ಹೆಂಡತಿ ದೊರೆಯ ತಲೆ ಹಿಡಿದಳು, ನಾನು ಮಷೀನು ಹಿಡಿದೆ. ಕಂಬಳಿ ಇಡಿಯಾಗಿ ಕಳಚಿ ಬಂದಾಗ ಕಿವಿಯ ಹಿಂದೆ ಚರ್ಮ ಕೆಂಪಗಾಗಿತ್ತು. ಇದನ್ನು ಕಾಣದೆ ದಿನಾ ಬೆಳಿಗ್ಗೆ ಬೆನ್ನಿಗಷ್ಟೇ ಹೊಳಪು ಕೊಟ್ಟು ನಾನು ಹೊಗಳಿಕೆ ಗಿಟ್ಟಿಸಿದ್ದೆನಲ್ಲ ಎಂದು ನನಗೆ ತುಂಬಾ ನಾಚಿಕೆಯಾಯಿತು. ದೊರೆ ಮೊದಮೊದಲು ನಡುಗಿದ. ಎಳೆತ ನಿಂತುಹೋದದ್ದು ಅರಿವಾದ ಮೇಲೆ ಒಂದು ದೀರ್ಘ ಉಸಿರು ಬಿಟ್ಟು, ಗದ್ದವನ್ನು ನನ್ನ ಎಡಗೈಯ ಮೇಲಿಟ್ಟು, ಕೆಲಸ ಅರ್ಧವಾಗುವಷ್ಟರಲ್ಲಿ ಗೊರಕೆ ಹೊಡೆಯತೊಡಗಿದ. ಈಗ ಅವನು ಬಕೆಟ್ಟಿಗೆ ಬಿದ್ದ ಇಲಿಯಂತೆ ಕಾಣುತ್ತಾನೆ, ಬೀದಿಯಲ್ಲಿ ಒಬ್ಬರೂ ಹೊಗಳುವುದಿಲ್ಲ, ನಮ್ಮಿಬ್ಬರಿಗೂ ಅದರ ಚಿಂತೆಯಿಲ್ಲ.

ತಪ್ಪಿನಲ್ಲಿ ಅರ್ಧ ನನ್ನದು, ಅದನ್ನು ಒಪ್ಪಿಕೊಂಡಿದ್ದೇನೆ. ಉಳಿದರ್ಧವನ್ನು ತಾವು ಒಪ್ಪಿಕೊಳ್ಳುವ ದಾರಿ ಸುಲಭ: ಹನ್ನೊಂದು ಭಾಷೆಗಳ ಆ ಕೈಪಿಡಿಯಲ್ಲಿ 'ಮೊದಲು ಬಾಚಿ, ಆಮೇಲೆ ಮೀಯಿಸಿ' ಎಂಬ ಒಂದೇ ಸಾಲನ್ನು ಅಚ್ಚು ಮಾಡಿಸಿ. ಅದಕ್ಕೆ ಜಾಗ ಸಾಲದಿದ್ದರೆ ಹನ್ನೆರಡು ಸಲಕರಣೆಗಳನ್ನು ಕೈಬಿಡಿ, ಬೇಕಾದಷ್ಟು ಜಾಗವಾಗುತ್ತದೆ.

ಇಂತಿ, ಕೂದಲೆಳೆಯಷ್ಟೂ ಕಹಿ ಉಳಿಸಿಕೊಳ್ಳದ
ತಮ್ಮ ವಿಶ್ವಾಸಿ,
ಮೂರು ಕುರ್ಚಿಯ ಕಟಿಂಗ್ ಅಂಗಡಿಯವನು

ತಾ.ಕ.: ತಾವು ಕಳುಹಿಸಿದ್ದ ಗ್ರಾಹಕರ ಅಭಿಪ್ರಾಯಪತ್ರವನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಅದರಲ್ಲಿದ್ದ ಐದು ನಕ್ಷತ್ರಗಳಲ್ಲಿ ನಾಲ್ಕನ್ನು ದೊರೆ ಜಗಿದು ನುಂಗಿದ್ದಾನೆ. ಉಳಿದ ಒಂದನ್ನು ನಾನು ವಿಚಾರ ಮಾಡಿ ಸ್ಟೀಲ್ ಬಾಚಣಿಗೆಗೆ ಕೊಟ್ಟಿದ್ದೇನೆ. 'ಗ್ರಾಹಕರ ಸಹಿ' ಎಂಬಲ್ಲಿರುವ ಹಲ್ಲಿನ ಗುರುತು ಅಸಲಿಯೇ, ಅನುಮಾನ ಬೇಡ.