ಮೂರು ಫೇಸಿಗೆ ಒಂದು ಗಾಡಿ

ರೋಶನ್‌ನ ಹದಿಮೂರನೇ ದಿನದ ಊಟದಲ್ಲಿ, ಪಾಯಸದ ಸೌಟನ್ನು ಗದೆಯಂತೆ ಮೇಲಕ್ಕೆತ್ತಿ ಅವನ ಗೆಳೆಯ ಪ್ರಶಾಂತ ಪ್ರತಿಜ್ಞೆ ಮಾಡಿದ.

"ಮೂರು ನಾಯಿಗಳೂ ಒಂದೇ ಗಾಡಿಯಲ್ಲಿ, ಒಂದೇ ದಿನ, ಒಟ್ಟಿಗೆ ವಸಾಯಿಗೆ ಹೋಗ್ತವೆ! ಕರ್ಕೊಂಡು ಹೋಗುವವ ನಾನು. ಅದಕ್ಕೆ ಕಾರು ಬೇಕಾದ್ರೆ ಕಾರು ತಗೊಳ್ತೇನೆ!"

ಪಂಕ್ತಿಯಲ್ಲಿ ಕೂತವರೆಲ್ಲ ತಲೆಯೆತ್ತಿದರು. ಸೌಟಿನಿಂದ ಪಾಯಸ ಯಾರದೋ ಸಾರಿನೊಳಗೆ ತೊಟ್ಟಿಕ್ಕಿತು. ಮೂಲೆಯಲ್ಲಿ ಅಳುತ್ತಿದ್ದ, ವಸಾಯಿಯಲ್ಲಿ ಮನೆಯಿರುವ ರೋಶನ್‌ನ ತಂಗಿ ಪ್ರಣೀತಾ ಕಣ್ಣೊರೆಸಿಕೊಂಡು, "ತನ್ನಿ ಪ್ರಶಾಂತಣ್ಣ, ಮೂರನ್ನೂ ತನ್ನಿ. ಅಂಗಳ ಉಂಟು ನಮ್ಮಲ್ಲಿ" ಎಂದಳು. ಪ್ರಶಾಂತನ ಹೆಂಡತಿ ನೀಲಾವತಿ ಮಾತ್ರ ಅವನ ಕೈಯಿಂದ ಸೌಟು ತೆಗೆದುಕೊಂಡು ಪಾತ್ರೆಗೆ ಹಾಕಿದಳು. ಗಂಡನ ಡ್ರೈವಿಂಗ್ ಲೈಸೆನ್ಸು ಹನ್ನೊಂದು ವರ್ಷದಿಂದ ಅವನ ಪರ್ಸಿನಲ್ಲಿ, ದೇವರ ಫೋಟೊದ ಹಿಂದೆ, ಯಾವ ಉದ್ಯೋಗವೂ ಇಲ್ಲದೆ ಮಲಗಿದೆಯೆಂದು ಆ ಸಭೆಯಲ್ಲಿ ಬಲ್ಲವಳು ಅವಳೊಬ್ಬಳೇ.

ರೋಶನ್ ಜೋಗೇಶ್ವರಿಯಲ್ಲಿ ತಗಡಿನ ಮಾಡಿನ ಒಂದು ಗಾಲಾ, ಎಂದರೆ ಪುಟ್ಟ ವರ್ಕ್‌ಶಾಪು, ಬಾಡಿಗೆಗೆ ಹಿಡಿದು, ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತಿ ಕೊಡುತ್ತಿದ್ದ. ಮದುವೆಯಾಗಿರಲಿಲ್ಲ. ಬಾಂದ್ರಾದ ಫ್ಲಾಟಿನವರು ಮರಿಯಾಗಿದ್ದಾಗ ಮುದ್ದಿಗೆಂದು ತಂದು, ಸೋಫಾಕ್ಕಿಂತ ದೊಡ್ಡದಾದ ಮೇಲೆ ಬೇಡವೆಂದ ಮೂರು ನಾಯಿಗಳು ಹೇಗೋ ಅವನ ಬಾಗಿಲಿಗೆ ಬಂದು ಸೇರಿದ್ದವು. ಕರೆಂಟಿನ ಮೂರು ಫೇಸುಗಳ ಬಣ್ಣವನ್ನೇ ಅವನು ಹೆಸರಾಗಿಟ್ಟಿದ್ದ: ಲಾಲ್, ಪೀಲಾ, ನೀಲಾ. ಲಾಲ್ ಕೆಂಚು ಬಣ್ಣದ ಗ್ರೇಟ್ ಡೇನ್, ನಿಂತರೆ ಊಟದ ಮೇಜಿನ ಎತ್ತರ. ಪೀಲಾ ಹಳದಿ ಲ್ಯಾಬ್ರಡಾರ್, ಎತ್ತರಕ್ಕಿಂತ ಅಗಲ ಹೆಚ್ಚು. ನೀಲಾ ಕರಿಯ ಮಿಶ್ರತಳಿ, ಯಾವ ಯಾವುದರ ಮಿಶ್ರವೆಂದು ಡಾಕ್ಟರಿಗೂ ಗೊತ್ತಿಲ್ಲ. ಒಂದನ್ನಾದರೂ ಯಾರಿಗಾದರೂ ಕೊಡು ಎಂದವರಿಗೆಲ್ಲ ರೋಶನ್ ಹೇಳುತ್ತಿದ್ದುದು ಒಂದೇ: "ಮೂರರಲ್ಲಿ ಒಂದು ಫೇಸ್ ಹೋದ್ರೆ ಮೋಟರ್ ಸುಟ್ಟೇ ಹೋಗ್ತದೆ ಮಾರಾಯ."

ಒಂದು ಬೆಳಿಗ್ಗೆ ಚಹಾದ ಗ್ಲಾಸು ಹಿಡಿದು ಸ್ಟೂಲಿನ ಮೇಲೆ ಕೂತವನು ಏಳಲಿಲ್ಲ. ನಲವತ್ತಾರು ವರ್ಷ.

ಗಾಲಾದ ಮಾಲಕ ಮುಂದಿನ ಭಾನುವಾರದೊಳಗೆ ಜಾಗ ಖಾಲಿಯಾಗಬೇಕೆಂದ. ಯಾರೋ ಫಾರ್ಮ್‌ಹೌಸಿನವರು ಲಾಲ್‌ನನ್ನು ಕೇಳಿದರು. ಯಾರೋ ಬಿಲ್ಡರು ಕಾವಲಿಗೆ ನೀಲಾನನ್ನು ಕೇಳಿದ. ಪೀಲಾನನ್ನು ಯಾರೂ ಕೇಳಲಿಲ್ಲ. ಆ ಸುದ್ದಿ ಕೇಳಿದ ಮೇಲೆಯೇ ಪ್ರಶಾಂತ ಸೌಟು ಎತ್ತಿದ್ದು.

ಆಂಟಾಪ್ ಹಿಲ್‌ನಲ್ಲಿ ಪ್ರಶಾಂತನ ಎರಡನೇ ಮಾಳಿಗೆಯ ಮನೆಯಲ್ಲಿ ಆವತ್ತು ಸಂಜೆ ವಿಚಾರಣೆ ನಡೆಯಿತು.

"ಒಂದು ಟೆಂಪೊ ಮಾಡಿದ್ರೆ ಆಗುದಿಲ್ವಾ?" ಎಂದಳು ನೀಲಾವತಿ.

"ಟೆಂಪೊ? ರೋಶನ್‌ನ ಮಕ್ಕಳು ಟೆಂಪೊದಲ್ಲಿ? ಅವರೆಂತ ಸಾಮಾನಾ?"

"ನನ್ನನ್ನು ಮದುವೆಯಾಗಿ ಈ ಮನೆಗೆ ಕರ್ಕೊಂಡು ಬಂದದ್ದು ಟೆಂಪೊದಲ್ಲಿ. ಕಪಾಟಿನ ಪಕ್ಕ."

"ಅದು ಬೇರೆ ವಿಷಯ."

"ಹೌದು, ನಾನು ಗ್ರೇಟ್ ಡೇನ್ ಅಲ್ಲ!"

ಪ್ರಶಾಂತ ಬಾಂದ್ರಾದಲ್ಲಿ ಹೋಟೆಲು ನಡೆಸುವವನು. ಹೋಟೆಲಿನವನಿಗೆ ಲೋಕದ ಎಲ್ಲ ತೂಕಕ್ಕೂ ಒಂದೇ ಮಾನದಂಡ: ಅಕ್ಕಿಮೂಟೆ! ಮರುದಿನವೇ ಗಾಲಾಕ್ಕೆ ಹೋಗಿ, ತಾಮ್ರದ ತಂತಿ ತೂಗುವ ತಕ್ಕಡಿಯ ಮೇಲೆ ಮೂರೂ ನಾಯಿಗಳನ್ನು ನಿಲ್ಲಿಸಿ ತೂಗಿದ. ಹೆಚ್ಚುಕಮ್ಮಿ ತಲಾ ಐವತ್ತು ಕಿಲೊ. ಅಂದರೆ ಒಂದು ನಾಯಿ, ಒಂದು ಮೂಟೆ. ಎಷ್ಟು ಸುಲಭ! ನಾಯಿಗಳಿಗೆ ತೊಂದರೆ ಕೊಡದೆ ಕಾರು ಪರೀಕ್ಷಿಸುವ ಈ ವಿಧಾನ ಇಷ್ಟು ದಿನ ಯಾರಿಗೂ ಹೊಳೆಯದೆ ಹೋದದ್ದು ಅವನಿಗೆ ಆಶ್ಚರ್ಯ ತಂದಿತು.

ಹಳೆಯ ಕಾರು ಮಾರುವ ಹಿತೇಶ್, ಇಪ್ಪತ್ತು ವರ್ಷ ಉಡುಪಿ ಹೋಟೆಲಿನಲ್ಲಿ ತಿಂದೇ ಕನ್ನಡ ಕಲಿತವನು. ಕೈಗಾಡಿಯಲ್ಲಿ ಮೂರು ಮೂಟೆ ಅಕ್ಕಿ ಹೇರಿಕೊಂಡು ಬಂದ ಗಿರಾಕಿಯನ್ನು ನೋಡಿ ಅವನು ಎದ್ದು ನಿಂತ.

"ಅಣ್ಣಾ, ಕಾರ್ ನೋಡ್ಲಿಕ್ಕೆ ಬಂದಿದ್ದು, ಕಿ ಇಡ್ಲಿ ಮಾಡ್ಲಿಕ್ಕೆ?"

"ಇದು ಲಾಲ್. ಇದು ನೀಲಾ. ಇದು ಪೀಲಾ" ಎಂದು ಪ್ರಶಾಂತ ಗಂಭೀರವಾಗಿ ಮೂಟೆಗಳ ಪರಿಚಯ ಮಾಡಿಕೊಟ್ಟ. ಸೀಮೆಸುಣ್ಣದಲ್ಲಿ ಹೆಸರು ಕೂಡ ಬರೆದಿದ್ದ.

ಒಂದು ಪುಟ್ಟ ಕೆಂಪು ಕಾರಿನ ಹಿಂದಿನ ಸೀಟು ಮಡಚಿ ಮೂಟೆಗಳನ್ನು ಒಂದರ ಪಕ್ಕ ಒಂದು ಮಲಗಿಸಿದರು. ಬಾಗಿಲು 'ಟಪ್' ಎಂದು ಮುಚ್ಚಿತು. ಎಂತಹ ಮಂಗಳಕರ ಸದ್ದು! ಇನ್ನೊಂದು ಮೂಟೆಗೂ ಜಾಗ ಉಳಿದಿತ್ತು. ಕಾರು ಖರೀದಿಯಾಯಿತು, ನಿಂಬೆಹಣ್ಣು ಚಕ್ರದಡಿ ಅಪ್ಪಚ್ಚಿಯಾಯಿತು, ಹನ್ನೊಂದು ವರ್ಷದ ನಂತರ ಸ್ಟಿಯರಿಂಗು ಹಿಡಿದ ವೀರ ಮೊದಲ ಗೇರಿನಲ್ಲೇ ಗಾಲಾದವರೆಗೂ ಬಂದ.

ಗಾಲಾದಲ್ಲಿ ರೋಶನ್‌ನ ಜೊತೆ ಹದಿನೆಂಟು ವರ್ಷ ತಂತಿ ಸುತ್ತಿದ ಬಾಗಲಕೋಟೆಯ ಈರಣ್ಣ ನಾಯಿಗಳನ್ನು ನೋಡಿಕೊಳ್ಳುತ್ತಿದ್ದ. ಕಾರಿಗೆ ಒಂದು ಸುತ್ತು ಹಾಕಿ ಅವನು ಕೇಳಿದ: "ಇದು ಒಂದ್ ನಾಯಿದೇನ್ರೀ? ಉಳದ್ ಎರಡು ಗಾಡಿ ಹಿಂದ ಬರಾಕ್ಹತ್ತಾವೇನು?"

"ಲೆಕ್ಕ ಮಾಡಿಯೇ ತಂದದ್ದು ಈರಣ್ಣ. ನೀನು ಹತ್ತಿಸು."

ಅಕ್ಕಿಮೂಟೆಗೂ ನಾಯಿಗೂ ಇರುವ ಭೇದ ಆಗ ಬಯಲಾಯಿತು. ಮೂಟೆ ಇಟ್ಟಲ್ಲಿ ಇರುತ್ತದೆ. ನಾಯಿ ನಿಲ್ಲುತ್ತದೆ! ತಿರುಗುತ್ತದೆ! ಬಾಲ ಆಡಿಸುತ್ತದೆ! ಲಾಲ್ ಒಂದು ಬಾಗಿಲಿನಿಂದ ಹತ್ತಿ, ಇನ್ನೂ ಹಿಂಗಾಲು ಒಳಗೆ ಬರುವ ಮೊದಲೇ ಇನ್ನೊಂದು ಬಾಗಿಲಿನಿಂದ ತಲೆ ಹೊರಹಾಕಿದ. ಪೀಲಾ ಎರಡು ಮುಂದಿನ ಸೀಟುಗಳ ನಡುವೆ ಗೇರಿನ ಮೇಲೆ ಸಿಕ್ಕಿಬಿದ್ದು, ಅಲ್ಲೇ ಸುಖವಾಗಿ ಕಣ್ಣು ಮುಚ್ಚಿದ. ನೀಲಾ ಡ್ರೈವರ್ ಸೀಟಿನಲ್ಲಿ ಕೂತು ಹಾರ್ನಿನ ಮೇಲೆ ಎರಡೂ ಕೈ ಊರಿದ. ಆ ಹಾರ್ನಿಗೆ ಇಡೀ ಇಂಡಸ್ಟ್ರಿಯಲ್ ಎಸ್ಟೇಟು ಹೊರಗೆ ಬಂತು. ಪೀಲಾನನ್ನು ಬಿಡಿಸಲು ಐದು ಜನ ಬೇಕಾಯಿತು.

"ನೀವು ಕುಂಡ್ರೋದು ಎಲ್ಲಿ ಸಾಹೇಬ್ರ?" ಎಂದ ಈರಣ್ಣ. "ಟಾಪಿನ ಮ್ಯಾಲೇನು?"

ಮನೆಯಲ್ಲಿ ನೀಲಾವತಿ ನಗಲಿಲ್ಲ. ಅದು ಇನ್ನೂ ಕಷ್ಟವಾಯಿತು. "ಅವರೆಂತ ಸಾಮಾನಾ ಅಂದವರು ಅಕ್ಕಿಮೂಟೆ ಹಿಡ್ಕೊಂಡು ಹೋದದ್ದಾ?" ಎಂದಷ್ಟೇ ಕೇಳಿ, ಮರುದಿನ ಅವನ ಜೊತೆ ತಾನೇ ಹೊರಟಳು.

ಹಿತೇಶನ ಅಂಗಳದಲ್ಲಿ ಏಳು ಸೀಟಿನ ಒಂದು ದೊಡ್ಡ ಗಾಡಿಯ ಹಿಂದಿನ ಸೀಟುಗಳನ್ನೆಲ್ಲ ಕೀಳಿಸಿ, ಅವಳು ಗಂಡನಿಗೆ ಆಜ್ಞಾಪಿಸಿದಳು: "ಹತ್ತಿ. ನಾಲ್ಕು ಕಾಲಿನಲ್ಲಿ ನಿಲ್ಲಿ."

"ಮಾರಾಯ್ತಿ, ಜನ ನೋಡ್ತಿದ್ದಾರೆ."

"ನೋಡ್ಲಿ. ಈಗ ತಿರುಗಿ. ತಲೆ ತಾಗ್ತದಾ? ಮಲಗಿ. ಏಳಿ. ಬಾಲ ಎಲ್ಲಿ ಬರ್ತದೆ?"

ಐವತ್ತರ ಹೋಟೆಲ್ ಮಾಲಕ ನಾಲ್ಕು ಕಾಲಿನಲ್ಲಿ ಎರಡು ಸುತ್ತು ತಿರುಗಿ, ತಲೆ ತಾಗುವುದಿಲ್ಲವೆಂದು ವರದಿ ಒಪ್ಪಿಸಿದ. ಹಿತೇಶ್ ಕೆಂಪು ಕಾರನ್ನು ವಾಪಸು ಪಡೆದು, ಬಾಯಿಗೆ ಕರ್ಚೀಫು ಒತ್ತಿಕೊಂಡು ಕೀ ಕೊಟ್ಟ.

ಶನಿವಾರ ಬೆಳಿಗ್ಗೆ ಗಾಡಿಯ ಹಿಂಬಾಗಿಲು ತೆರೆದದ್ದೇ ತಡ, ಮೂರೂ ನಾಯಿಗಳು ಯಾರೂ ಕರೆಯದೆ ಹಾರಿ ಹತ್ತಿಕೊಂಡವು. ತಳ್ಳಾಟವಿಲ್ಲ, ಬೊಗಳಾಟವಿಲ್ಲ. "ನೋಡಿದ್ಯಾ! ಗಾಡಿ ಸರಿಯಾಗಿದ್ರೆ ನಾಯಿಗೇ ಗೊತ್ತಾಗ್ತದೆ!" ಎಂದು ಪ್ರಶಾಂತ ಎದೆ ಉಬ್ಬಿಸಿದ. ಈರಣ್ಣ ಮೂರು ತಲೆ ಮುಟ್ಟಿ, "ಹೋಗಿ ಬರ್ರೆಪ್ಪಾ" ಎಂದು ಬೇಗ ಒಳಗೆ ಹೋದ. ದಹಿಸರ್ ದಾಟುವವರೆಗೂ ನೀಲಾವತಿಯ ಹೆಗಲ ಮೇಲೆ ಲಾಲ್‌ನ ಗಲ್ಲ ಇತ್ತು. ಕಡಲಿನ ಖಾಡಿಯ ಸೇತುವೆಯ ಮೇಲೆ ಗಾಳಿ ಬಂದಾಗ ಮೂರೂ ಮೂಗುಗಳು ಒಟ್ಟಿಗೆ ಕಿಟಕಿಗೆ ಬಂದವು.

ವಸಾಯಿಯಲ್ಲಿ ಪ್ರಣೀತಾ ಗೇಟು ತೆರೆದಿಟ್ಟು ಕಾಯುತ್ತಿದ್ದಳು. ನಾಯಿಗಳು ಇಳಿದು ಓಡಿದವು. ಅಂಗಳ ಮೂಸಿದವು. ಅಡುಗೆಮನೆ, ಬಚ್ಚಲು, ಮಂಚದ ಕೆಳಗೆ, ನೀರಿನ ಟಾಂಕಿಯ ಹಿಂದೆ. ಲಾಲ್ ಎರಡು ಕಾಲಿನಲ್ಲಿ ನಿಂತು ಪಾಗಾರದ ಗೋಡೆಯ ಆಚೆಗೂ ನೋಡಿದ. ಆಮೇಲೆ ಒಂದರ ಹಿಂದೆ ಒಂದು ಬಂದು, ಗಾಡಿ ಹತ್ತಿ, ಮುಂದಕ್ಕೆ ಮುಖ ಮಾಡಿ ಕೂತವು. ಇಲ್ಲಿ ಇಲ್ಲ, ಇನ್ನೂ ಮುಂದೆ ನಡಿ ಎನ್ನುವ ಹಾಗೆ.

ಬೆಳಿಗ್ಗೆ ಅವು ಅಷ್ಟು ಚೆಂದ ಮಾಡಿ ಯಾಕೆ ಹತ್ತಿದವೆಂದು ಪ್ರಶಾಂತನಿಗೆ ಆಗ ತಿಳಿಯಿತು. ಅವುಗಳಿಗೆ ಗಾಡಿ ಹಿಡಿಸಿರಲಿಲ್ಲ. ರೋಶನ್ ಇದ್ದಲ್ಲಿಗೆ ಕರೆದುಕೊಂಡು ಹೋಗುತ್ತಾರೆ ಎಂದುಕೊಂಡಿದ್ದವು.

ಅವನು ಹಿಂಬಾಗಿಲಿನ ಅಂಚಿನಲ್ಲಿ ಕೂತ. ರೋಶನ್ ಅವುಗಳೊಡನೆ ಆಡುತ್ತಿದ್ದುದು ತುಳು ಮಾತ್ರ. ಹಾಗಾಗಿ ತುಳುವಿನಲ್ಲೇ ಹೇಳಿದ: "ರೋಶನ್ ಇಜ್ಜೆ." ಇಲ್ಲ ಎಂಬ ಆ ಮಾತನ್ನು ಈ ಇಪ್ಪತ್ತು ದಿನಗಳಲ್ಲಿ ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೆಸರು ಕೇಳಿ ಪೀಲಾ ಬಾಲ ಬಡಿದ.

ಪ್ರಣೀತಾ ಬೇಯಿಸಿದ ಕೋಳಿ ತಂದು ತೋರಿಸಿ ಕರೆದಳು. ಕುತ್ತಿಗೆಪಟ್ಟಿ ಹಿಡಿದು ಎಳೆಯಲು ಹೋದಳು.

"ಬೇಡ ಪ್ರಣೀತಾ" ಎಂದ ಪ್ರಶಾಂತ. "ಇಳೀರಿ ಅಂತ ಒತ್ತಾಯ ಮಾಡ್ಬೇಡ. ಅವರಿಗೆ ಯಾವಾಗ ಇಳೀಬೇಕು ಅಂತ ಕಾಣ್ತದೋ ಆಗ ಇಳೀಲಿ. ಗಾಡಿ ಇಲ್ಲೇ ಇರ್ಲಿ."

ಹೀಗೆ, ಜನ್ಮದಲ್ಲಿ ಮೊದಲ ಬಾರಿ ಕಾರು ಕೊಂಡ ಪ್ರಶಾಂತ ಅದರ ನಾಲ್ಕೂ ಬಾಗಿಲು ತೆರೆದಿಟ್ಟು, ಕೀಯನ್ನು ಪ್ರಣೀತಾಳ ಕೈಗೆ ಕೊಟ್ಟು, ಹೆಂಡತಿಯೊಡನೆ ರಿಕ್ಷಾದಲ್ಲಿ ಸ್ಟೇಷನ್ನಿಗೆ ಬಂದು, ದಾದರ್‌ನಲ್ಲಿ ಇಳಿದು ಮನೆ ಸೇರಲೆಂದು, ಚರ್ಚ್‌ಗೇಟ್‌ವರೆಗೆ ಹೋಗುವ ಮಧ್ಯಾಹ್ನದ ಲೋಕಲ್ ಹತ್ತಿದ. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮೀರಾ ರೋಡಿನ ಹತ್ತಿರ ಶುರುವಾದ ಅಳು ಅಂಧೇರಿಯಲ್ಲೂ ನಿಲ್ಲಲಿಲ್ಲ. ಎದುರು ಕೂತವರು ಮೊಬೈಲಿನಲ್ಲಿ ಕಣ್ಣು ನೆಟ್ಟು ಉಪಕಾರ ಮಾಡಿದರು. ನೀಲಾವತಿ ಅವನ ಅಂಗಿಯ ಮೇಲಿದ್ದ ನಾಯಿಕೂದಲನ್ನು ಒಂದೊಂದಾಗಿ ತೆಗೆಯುತ್ತಾ ಕೂತಿದ್ದಳು.

ಸ್ವಲ್ಪ ಹೊತ್ತಿನ ಮೇಲೆ ಮುಖ ಒರೆಸಿಕೊಂಡು ಹೊರಗೆ ನೋಡಿದವನು ದಡಬಡಿಸಿ ಎದ್ದ.

"ಏ, ದಾದರ್ ಹೋಯ್ತಲ್ಲ! ನೋಡ್ತಾ ಕೂತಿದ್ದಿಯಲ್ಲ, ಹೇಳ್ಬಾರ್ದಿತ್ತಾ?"

"ಒತ್ತಾಯ ಮಾಡ್ಬಾರ್ದು, ಯಾವಾಗ ಕಾಣ್ತದೋ ಆಗ ಇಳೀಲಿ ಅಂತ ನೀವೇ ಅಲ್ವಾ ಹೇಳಿದ್ದು?" ಎಂದಳು ನೀಲಾವತಿ, ಅಂಗಿ ಹಿಡಿದು ಅವನನ್ನು ಮತ್ತೆ ಕೂರಿಸುತ್ತಾ. "ನಾಯಿಗೊಂದು ರೂಲು, ನಿಮಗೊಂದು ರೂಲಾ? ಕೂತ್ಕೊಳ್ಳಿ. ಚರ್ಚ್‌ಗೇಟ್‌ವರೆಗೆ ಟೈಮ್ ಉಂಟು."